ದಾರಕ್ಕೆ ಎಷ್ಟನೇ ಅಳತೆಯ ಬಳೆ?

ಬಳೆಗಾರನ ಮುಂದೆ ಕೈ ಚಾಚಿದರೆ ಅವನ ಕಣ್ಣು ಮಣಿಕಟ್ಟಿನ ಮೇಲೆ ನಿಲ್ಲುವುದಿಲ್ಲ, ಬೆರಳ ಬುಡದ ಗೆಣ್ಣುಗಳ ಮೇಲೆ ನಿಲ್ಲುತ್ತದೆ. ಬಳೆ ಕೊನೆಗೆ ಕೂರುವ ಜಾಗ ಸಣ್ಣದು, ದಾಟಬೇಕಾದ ಜಾಗ ದೊಡ್ಡದು. ಗೆಣ್ಣು ನೋಡಿಯೇ ಅವನು ಎರಡು-ನಾಲ್ಕೋ ಎರಡು-ಆರೋ ಎಂದು ತೀರ್ಮಾನಿಸುತ್ತಾನೆ. ಎರಡು ಇಂಚು, ಅದರ ಮೇಲೆ ಇಂಚಿನ ಹದಿನಾರು ಪಾಲಿನಲ್ಲಿ ನಾಲ್ಕೋ ಆರೋ ಪಾಲು. ಇದು ಬಳೆಯ ಒಳಬಾಯಿಯ ಅಳತೆ.

ಗಾಳದ ಕೋಲಿಗೂ ಬಳೆ ತೊಡಿಸುತ್ತಾರೆ. ರೀಲಿನಿಂದ ಹೊರಟ ದಾರ ಕೋಲಿನ ಉದ್ದಕ್ಕೂ ಸಾಗಿ ತುದಿ ಮುಟ್ಟಲು ಏಳೆಂಟು ಉಂಗುರಗಳನ್ನು ದಾಟಬೇಕು. ಅಂಗಡಿಯವರು ಗೈಡ್ ಎನ್ನುವ ಈ ಉಂಗುರಕ್ಕೆ ನಾನು ಬಳೆ ಎಂದೇ ಕರೆಯುತ್ತೇನೆ. ಇದಕ್ಕೂ ನಂಬರಿದೆ: 25, 16, 10, 6. ಆದರೆ ಇಲ್ಲಿನ ನಂಬರು ಸಾಮಾನ್ಯವಾಗಿ ಪಿಂಗಾಣಿ ಉಂಗುರದ ಹೊರಗಿನ ವ್ಯಾಸ, ಮಿಲಿಮೀಟರಿನಲ್ಲಿ. 6ರ ಬಳೆಯಲ್ಲಿ 6 ಮಿ.ಮೀ. ದಪ್ಪದ ವಸ್ತು ತೂರುವುದಿಲ್ಲ. ಮೊದಲ ಸಲ ಕೊಳ್ಳುವವರು ಇಲ್ಲೇ ಎಡವುತ್ತಾರೆ.

ನಾನು ಎಡವಿದ್ದು ಬೇರೆ ಕಡೆ. ಕೆಲವು ವರ್ಷಗಳ ಹಿಂದೆ ಏಳು ಅಡಿಯ ಕಾರ್ಬನ್ ಫೈಬರಿನ ಬರಿಕೋಲೊಂದನ್ನು ತರಿಸಿ, ಬಳೆಗಳನ್ನು ನಾನೇ ಕಟ್ಟಲು ಕೂತೆ. ಬಾಯಿ ದೊಡ್ಡದಿದ್ದಷ್ಟೂ ದಾರ ಸಲೀಸಾಗಿ ಹೋದೀತು ಎಂಬುದು ನನ್ನ ತರ್ಕ. ಬುಡಕ್ಕೆ 40, ಆಮೇಲೆ 30, 20, 16, ತುದಿಗೆ ಬರುವಾಗಲೂ 12. ಅಂಟು ಒಣಗಿದ ಮೇಲೆ ಕೋಲನ್ನು ಗಾಳಿಯಲ್ಲಿ ಬೀಸಿದರೆ ತುದಿ ತೂಕಡಿಸುವವರ ತಲೆಯ ಹಾಗೆ ಓಲಾಡಿತು. ಕೊಂಡಾಗ ಚಾಟಿಯಂತಿದ್ದ ಕೋಲು ಅದೇನಾ ಎನಿಸಿತು. ದಾರವೂ ನಾನೆಣಿಸಿದಷ್ಟು ದೂರ ಹೋಗಲಿಲ್ಲ. ಆ ಬಳೆಗಳನ್ನು ಬ್ಲೇಡಿನಿಂದ ಕೆರೆದು ತೆಗೆಯಲು ಎರಡು ಭಾನುವಾರ ಹಿಡಿಯಿತು.

ಮಲೆನಾಡಿನಲ್ಲಿ ಚಿಕ್ಕವರಾಗಿದ್ದಾಗ ನಮಗೆ ಈ ತಲೆನೋವೇ ಇರಲಿಲ್ಲ. ವಾಟೆ ಕೋಲು, ಅದರ ತುದಿಗೆ ಗಂಟುಹಾಕಿದ ತಂಗೂಸಿ, ಕೊನೆಯಲ್ಲಿ ಎರೆಹುಳು. ಕೋಲು ಎಷ್ಟು ದೂರ ಚಾಚುತ್ತದೋ ಅಷ್ಟೇ ನಮ್ಮ ಹೊಳೆ. ಕೋಲಿಗಿಂತ ಆಚೆಗೆ ದಾರ ಎಸೆಯಬೇಕು ಎಂದಾಗ ರೀಲು ಬಂತು, ರೀಲು ಬಂದ ಮೇಲೆ ಬಳೆಯ ಪ್ರಶ್ನೆ ಬಂತು.

ಹಳೆಯ ರೀಲುಗಳಲ್ಲಿ ದಾರ ಬಿಚ್ಚಬೇಕಾದರೆ ಉರುಳೆ ತಿರುಗಲೇಬೇಕು. ಹಗುರವಾದ ಎರೆಗೆ ಉರುಳೆಯನ್ನು ತಿರುಗಿಸುವಷ್ಟು ಕಸುವಿರುವುದಿಲ್ಲ. 1884ರಲ್ಲಿ ಸ್ಕಾಟ್ಲೆಂಡಿನ ಪರ್ತ್ ಊರಿನ ಪೀಟರ್ ಮಾಲಕ್ ಒಂದು ಉಪಾಯ ಮಾಡಿದ. ಎಸೆಯುವ ಮುನ್ನ ಉರುಳೆಯನ್ನೇ ಅಡ್ಡಕ್ಕೆ ಹೊರಳಿಸಿ, ದಾರ ಅದರ ಅಂಚಿನ ಮೇಲಿಂದ ಜಾರುವಂತೆ ಮಾಡಿದ. 1905ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಬಟ್ಟೆ ಉದ್ಯಮಿ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ ಇದನ್ನು ಇನ್ನೂ ಮುಂದಕ್ಕೊಯ್ದು, ಉರುಳೆ ಸದಾ ಕೋಲಿನ ತುದಿಯತ್ತ ಮುಖಮಾಡಿ ನಿಂತಿರುವ ರೀಲಿಗೆ ಪೇಟೆಂಟ್ ಪಡೆದ. ಇವತ್ತಿನ ಸ್ಪಿನ್ನಿಂಗ್ ರೀಲಿನ ಮೂಲ ಅಲ್ಲಿದೆ. ಗಿರಣಿಯಲ್ಲಿ ನೂಲು ಬಿಚ್ಚಿಕೊಳ್ಳುವುದನ್ನು ನೋಡಿ ಅವನಿಗೆ ಇದು ಹೊಳೆಯಿತು ಎನ್ನುತ್ತಾರೆ. ನಂಬಲು ಕಷ್ಟವೇನಿಲ್ಲ. ವಿದ್ಯುತ್ ಮಗ್ಗದ ಲಾಳಿಯನ್ನು ಬಿಡಿಸಿ ನೋಡಿ: ಒಳಗಿನ ಕಂಡಿಕೆ ತಿರುಗುವುದಿಲ್ಲ. ನೂಲು ಅದರ ತುದಿಯಿಂದ ಸುರುಳಿ ಸುರುಳಿಯಾಗಿ ಕಳಚಿಕೊಂಡು, ಲಾಳಿಯ ಸಣ್ಣ ಕಣ್ಣಿನ ಮೂಲಕ ನೆಟ್ಟಗಾಗಿ ಹೊರಬರುತ್ತದೆ. ಕಂಡಿಕೆ ಎಂದರೆ ರೀಲಿನ ಉರುಳೆ, ಅಂದರೆ ಸ್ಪೂಲು; ಲಾಳಿಯ ಕಣ್ಣು ಎಂದರೆ ನಮ್ಮ ಮೊದಲ ಬಳೆ.

ಹೀಗಾಗಿ ಸ್ಪಿನ್ನಿಂಗ್ ರೀಲಿನಿಂದ ಹೊರಡುವ ದಾರ ಬರೇ ಮುಂದಕ್ಕೆ ಓಡುವುದಿಲ್ಲ, ಸುತ್ತುತ್ತಲೂ ಇರುತ್ತದೆ. ಎಷ್ಟು ವೇಗವಾಗಿ? ಸ್ಪೂಲಿನ ವ್ಯಾಸ 45 ಮಿ.ಮೀ. ಎಂದಿಟ್ಟುಕೊಳ್ಳೋಣ. ಒಂದು ಸುತ್ತಿಗೆ ಸುಮಾರು 141 ಮಿ.ಮೀ. ದಾರ. ಎರೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೊರಟಿತು ಅಂದರೆ ಸೆಕೆಂಡಿಗೆ 210ಕ್ಕೂ ಹೆಚ್ಚು ಸುತ್ತುಗಳು ಕಳಚಿಕೊಳ್ಳಬೇಕು. ಅಷ್ಟು ಜೋರಾಗಿ ಸುತ್ತುವ ದಾರ ಹೊರಕ್ಕೆ ಉಬ್ಬುತ್ತದೆ. ಮಕ್ಕಳು ಹಗ್ಗದಾಟ ಆಡುವಾಗ ಹಗ್ಗದ ನಡುಭಾಗ ಹೊಟ್ಟೆ ಬಿಡುತ್ತದಲ್ಲ, ಹಾಗೆ. ಗಿರಣಿಯ ಎಂಜಿನಿಯರುಗಳು ನೂಲಿನ ಈ ಹೊಟ್ಟೆಯನ್ನು ಬಲೂನ್ ಎಂದೇ ಕರೆಯುತ್ತಾರೆ. ನನ್ನ 40ರ ಬಳೆ ಮಾಡಿದ್ದೇನೆಂದರೆ ಈ ಬಲೂನನ್ನು ತಡೆಯದೆ ಒಳಕ್ಕೆ ಬಿಟ್ಟುಕೊಂಡದ್ದು. ಸುತ್ತುವ ದಾರ ಮುಂದಿನ ಬಳೆಗೆ ಬಡಿಯಿತು, ಅದರ ಮುಂದಿನದಕ್ಕೆ ಬಡಿಯಿತು, ನಡುವೆ ಕೋಲಿಗೂ ಬಡಿಯಿತು. ಒಂದೊಂದು ಬಡಿತಕ್ಕೂ ಎಸೆತದ ಶಕ್ತಿ ಚೂರು ಚೂರು ಸೋರಿಹೋಯಿತು.

ಹಾಗಿದ್ದರೆ ಮೊದಲ ಬಳೆಯನ್ನೇ ತೀರ ಸಣ್ಣದು ಮಾಡಿ ದಾರವನ್ನು ಅಲ್ಲೇ ಹಿಂಡಿಬಿಟ್ಟರೆ? ಇಲ್ಲಿ ಬಳೆಯ ಅಗಲಕ್ಕಿಂತ ಅದು ಎಷ್ಟು ದೂರದಲ್ಲಿದೆ ಎಂಬುದು ಮುಖ್ಯವಾಗುತ್ತದೆ. ಸ್ಪೂಲಿನ ಅಂಚು ನಡುವಿನಿಂದ 22 ಮಿ.ಮೀ. ಆಚೆಗಿದೆ. ಬಳೆ 150 ಮಿ.ಮೀ. ದೂರದಲ್ಲಿದ್ದರೆ ದಾರ ಅದರೊಳಗೆ ಸುಮಾರು 8 ಡಿಗ್ರಿ ಓರೆಯಾಗಿ ಬರಬೇಕು. ಅದೇ ಬಳೆಯನ್ನು ಅರ್ಧ ಮೀಟರ್ ದೂರಕ್ಕೆ ಸರಿಸಿದರೆ ಓರೆ ಎರಡೂವರೆ ಡಿಗ್ರಿಗೆ ಇಳಿಯುತ್ತದೆ. ಬಲೂನಿನ ಉಬ್ಬು ಸೇರಿಕೊಂಡಾಗ ಕೋನ ಇದಕ್ಕಿಂತ ಹೆಚ್ಚೇ, ಆದರೂ ಲೆಕ್ಕದ ದಿಕ್ಕು ಬದಲಾಗುವುದಿಲ್ಲ. ಹತ್ತಿರದ ಸಣ್ಣ ಬಳೆ ದಾರವನ್ನು ಉಜ್ಜುತ್ತದೆ, ದೂರದ ಸಣ್ಣ ಬಳೆ ಉಪಾಯವಾಗಿ ಒಳಕ್ಕೆ ಕರೆದುಕೊಳ್ಳುತ್ತದೆ. ತೀರ ದೂರಕ್ಕೆ ಒಯ್ದರೆ ಮತ್ತೆ ಬಲೂನಿಗೆ ಜಾಗ ಸಿಕ್ಕಿ ದಾರ ಕೋಲಿಗೆ ಬಡಿಯಲು ಶುರುಮಾಡುತ್ತದೆ. ಏಳು ಅಡಿಯ ಕೋಲಿನಲ್ಲಿ ಅರ್ಧ ಮೀಟರಿನ ಆಸುಪಾಸು ಒಳ್ಳೆಯ ಆರಂಭ.

ಹಿಂದಿನವರು ಸ್ಪೂಲಿನ ಅಂಚಿನಿಂದ ಕೋಲಿನ ತುದಿಯವರೆಗೆ ಒಂದು ಉದ್ದನೆಯ ಶಂಕು ಕಲ್ಪಿಸಿಕೊಂಡು, ಅದರ ಗಾತ್ರ ಇಳಿದಂತೆ ಬಳೆಯ ಗಾತ್ರವನ್ನೂ ನಿಧಾನವಾಗಿ ಇಳಿಸುತ್ತಿದ್ದರು. ನೋಡಲು ಚೆಂದ, ಆದರೆ ದೊಡ್ಡ ಬಳೆಗಳು ಕೋಲಿನ ಮುಕ್ಕಾಲು ಪಾಲು ಆವರಿಸಿಬಿಡುತ್ತವೆ. ಜಪಾನಿನ ಫೂಜಿ ಕಂಪನಿ ನ್ಯೂ ಗೈಡ್ ಕಾನ್ಸೆಪ್ಟ್ ಎಂಬ ಹೆಸರಿನಲ್ಲಿ ಹರಡಿದ ವಿಧಾನ ಈ ಶಂಕುವನ್ನು ಮೊಟಕು ಮಾಡಿತು. ರೀಲನ್ನು ಕೋಲಿಗೆ ಕೂರಿಸಿ, ಸ್ಪೂಲಿನ ಅಚ್ಚಿನ ನೇರಕ್ಕೆ ಒಂದು ದಾರ ಎಳೆದುಕೊಂಡು ಹೋಗಿ. ರೀಲು ತುಸು ವಾಲಿಕೊಂಡಿರುವುದರಿಂದ ಆ ಗೆರೆ ಮುಂದೆಲ್ಲೋ ಕೋಲನ್ನು ಮುಟ್ಟುತ್ತದೆ. ದಾರದ ಸುತ್ತಾಟ ಮುಗಿಯಬೇಕಾದದ್ದು ಅಲ್ಲಿ. ಅಲ್ಲಿ ಕೂರುವ ಸಣ್ಣ ಬಳೆಗೆ ಚೋಕ್ ಗೈಡ್ ಎಂದು ಹೆಸರು. ಅಲ್ಲಿಂದ ತುದಿಯವರೆಗೆ ಎಲ್ಲವೂ ಒಂದೇ ಅಳತೆಯ ಪುಟ್ಟ ಬಳೆಗಳು. ಗೆರೆ ಎಳೆಯುವ ಗೋಜು ಬೇಡ ಎನ್ನುವವರು ಸ್ಪೂಲಿನ ವ್ಯಾಸವನ್ನು 27ರಿಂದ ಗುಣಿಸುತ್ತಾರೆ. ನಮ್ಮ 45 ಮಿ.ಮೀ. ಸ್ಪೂಲಿಗೆ ಅದು 1215 ಮಿ.ಮೀ., ಹೆಚ್ಚುಕಡಿಮೆ ನಾಲ್ಕು ಅಡಿ. ಇದು ಪ್ರಕೃತಿಯ ನಿಯಮವೇನಲ್ಲ, ಬಡಗಿಯ ಮೊಳದ ಲೆಕ್ಕದಂಥದ್ದು.

ಬುಡದ ಬಳೆಯಿಂದ ಚೋಕ್ ಗೈಡಿನವರೆಗೆ ಈಗ ಮೂರೇ ಬಳೆ ಸಾಕೆನ್ನುತ್ತಾರೆ: 20, 10, 5.5. ರೀಲು ತುಸು ದೊಡ್ಡದಾದರೆ 25, 12, 6. ಅದಕ್ಕೂ ದೊಡ್ಡದಾದರೆ 30, 16, 8. ಪ್ರತಿಯೊಂದೂ ಹಿಂದಿನದರ ಅರ್ಧದ ಹತ್ತಿರ. ಸ್ಪೂಲಿನ 45 ಅನ್ನೂ ಈ ಸಾಲಿನ ತಲೆಗೆ ಸೇರಿಸಿ ನೋಡಿ, ಅಲ್ಲಿಂದಲೇ ಅರ್ಧಿಸುವ ಆಟ ಶುರುವಾದದ್ದು ಕಾಣುತ್ತದೆ. ಇದನ್ನು ಗಮನಿಸಿದ ದಿನ ನನಗೆ ವಿಪರೀತ ಖುಷಿಯಾಗಿತ್ತು. 20ರ ಬಳೆ ಈ ಕೆಲಸ ಮಾಡಬಲ್ಲದ್ದು ಅದರ ಕಾಲು ಉದ್ದ ಇರುವುದರಿಂದ. ಕೊಂಡುಕೊಳ್ಳುವಾಗ ನಂಬರಿನ ಪಕ್ಕ ಎಚ್ ಎಂಬ ಅಕ್ಷರ ಇದೆಯೇ ನೋಡಬೇಕು. ಎತ್ತರದ ಚೌಕಟ್ಟು ಎಂದು ಅದರರ್ಥ. ಸ್ಪೂಲಿನಿಂದ ಚೋಕ್ ಗೈಡಿಗೆ ಹೋಗುವ ಗೆರೆ ಬಳೆಯ ನಟ್ಟನಡುವೆ ಹಾಯಬೇಕು. ಗಿಡ್ಡ ಕಾಲಿನ ಬಳೆಯ ಬಾಯಿ ಎಷ್ಟು ಅಗಲವಿದ್ದರೂ ದಾರ ಅದರ ಒಂದೇ ಅಂಚನ್ನು ಉಜ್ಜುತ್ತಾ ಹೋಗುತ್ತದೆ.

ನನ್ನ ಕೋಲು ತೂಕಡಿಸಿದ್ದೇಕೆ ಎಂಬುದಕ್ಕೆ ಬರೋಣ. ಕೋಲು ಒಂದು ಸ್ಪ್ರಿಂಗು. ಬಗ್ಗಿಸಿ ಬಿಟ್ಟರೆ ಎಷ್ಟು ಬೇಗ ನೆಟ್ಟಗಾಗುತ್ತದೆ ಎಂಬುದು ಅದರ ಬಿಗುವಿನ ಮೇಲೂ ಅದು ಹೊತ್ತ ತೂಕದ ಮೇಲೂ ನಿಂತಿದೆ. ಅಲುಗಾಡುವ ತೂಕ ನಾಲ್ಕು ಪಟ್ಟಾದರೆ ಕಂಪನದ ವೇಗ ಅರ್ಧವಾಗುತ್ತದೆ. ಆದರೆ ತೂಕವೆಲ್ಲ ಒಂದೇ ಅಲ್ಲ, ಎಲ್ಲಿ ಕೂತಿದೆ ಎಂಬುದರ ಮೇಲೆ ಅದರ ಬೆಲೆ. ಒಂದು ತುದಿ ಬಿಗಿಹಿಡಿದ, ಉದ್ದಕ್ಕೂ ಒಂದೇ ದಪ್ಪದ ಕೋಲಿಗೆ ಲೆಕ್ಕ ಹಾಕಿದರೆ, ತುದಿಯ ಒಂದು ಗ್ರಾಂ ನಡುವಿನ ಸುಮಾರು 9 ಗ್ರಾಂಗೆ ಸಮ. ಗಾಳದ ಕೋಲು ತುದಿಗೆ ಹೋದಂತೆ ಸಪೂರವಾಗುವುದರಿಂದ ಅಲ್ಲಿ ಆ ಒಂದು ಗ್ರಾಂ ಇನ್ನೂ ಭಾರ. ಬಳೆಯ ತೂಕವೋ ಅಳತೆಗಿಂತ ಜೋರಾಗಿ ಏರುತ್ತದೆ. ಆಕಾರ ಒಂದೇ ಇದ್ದು ಅಳತೆ ಎರಡು ಪಟ್ಟಾದರೆ ಉದ್ದ, ಅಗಲ, ದಪ್ಪ ಮೂರೂ ಬೆಳೆದು ತೂಕ ಎಂಟು ಪಟ್ಟು. ತುದಿಯಲ್ಲಿ 6 ಇರಬೇಕಾದ ಕಡೆ 12 ಕಟ್ಟಿದ ನಾನು ಬಳೆಯ ಲೆಕ್ಕದಲ್ಲಿ ಎಂಟು ಪಟ್ಟು ತೂಕ ಹೊರಿಸಿದ್ದೆ. ಅದನ್ನು ಕಟ್ಟಿದ ನೂಲು, ಮೇಲೆ ಸವರಿದ ಎಪಾಕ್ಸಿ ಬೇರೆ. ಬುಡದ ಬಳೆ ತುಸು ದಪ್ಪಗಿದ್ದರೆ ಕೈಗೆ ಗೊತ್ತೂ ಆಗುವುದಿಲ್ಲ. ಜಿಪುಣತನ ತೋರಬೇಕಾದದ್ದು ತುದಿಯಲ್ಲಿ.

ಮೀನು ಬಿದ್ದ ಮೇಲೆ ಬಳೆಗಳ ಕೆಲಸವೇ ಬೇರೆ. ಕೋಲು ಬಾಗುತ್ತದೆ, ಪ್ರತಿ ಬಳೆಯಲ್ಲೂ ದಾರ ಒಂದಿಷ್ಟು ತಿರುವು ಪಡೆಯುತ್ತದೆ. ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಹಿಡಿದ ಹುಡುಗ ಕೋಣವನ್ನೂ ನಿಲ್ಲಿಸಬಲ್ಲ. ಆಯ್ಲರ್ 18ನೇ ಶತಮಾನದಲ್ಲೇ ಇದರ ಗಣಿತ ಕೊಟ್ಟಿದ್ದಾನೆ. ಸೋಜಿಗವೆಂದರೆ ಆ ಸೂತ್ರದಲ್ಲಿ ಕಂಬದ ದಪ್ಪ ಬರುವುದೇ ಇಲ್ಲ. ಉಜ್ಜುವಿಕೆಯ ಗುಣಾಂಕ, ಒಟ್ಟು ತಿರುವಿನ ಕೋನ, ಅಷ್ಟೇ. ಗುಣಾಂಕ 0.2 ಎಂದು ಹಿಡಿದು, ಕೋಲು 90 ಡಿಗ್ರಿ ಬಾಗಿದೆ ಎನ್ನಿ: ರೀಲಿನ ಬಳಿ ಇರುವ ಎಳೆತಕ್ಕಿಂತ ಸುಮಾರು ಶೇಕಡಾ 37ರಷ್ಟು ಹೆಚ್ಚು ಎಳೆದರೆ ಮಾತ್ರ ಮೀನಿಗೆ ದಾರ ಸಿಗುತ್ತದೆ. ಬಳೆ ನಾಲ್ಕಿರಲಿ ಎಂಟಿರಲಿ, ಒಟ್ಟು ತಿರುವು ಅದೇ 90. ಬಳೆ ಹೆಚ್ಚಾದರೆ ಉಜ್ಜು ಹೆಚ್ಚು ಎಂಬ ಮಾತನ್ನು ಎಷ್ಟೋ ಜನ ಹೇಳುತ್ತಾರೆ. ಮೀನು ಎಳೆಯುವ ಹೊತ್ತಿಗೆ ಅದು ಸುಳ್ಳು. ಬಳೆ ಕಡಿಮೆ ಇದ್ದರೆ ದಾರ ಬಿಲ್ಲಿನ ಹೆದೆಯ ಹಾಗೆ ಕೋಲಿನಿಂದ ದೂರ ನಿಂತು, ಇರುವ ಎರಡು ಮೂರು ಬಳೆಗಳ ಮೇಲೆಯೇ ಭಾರ ಬೀಳುತ್ತದೆ, ಕೋಲು ಅಲ್ಲಲ್ಲೇ ಮುರುಟಿಕೊಳ್ಳುತ್ತದೆ. ಅಡಿಗೊಂದು, ಮೇಲೊಂದು ಎಂಬ ಹಳೆಯ ರೂಢಿ ಇದಕ್ಕೆ ಸಾಕು. ಪುಟ್ಟ ಬಳೆಗಳಾದರೆ ಇನ್ನೊಂದು ಸೇರಿಸಿದರೂ ಕೋಲಿಗೆ ಹೊರೆಯಾಗದು.

“ಮಾವ, ಇಷ್ಟು ಸಣ್ಣ ತೂತಲ್ಲಿ ದಾರ ಹೋಗುತ್ತಾ?” ಎಂದು ಅಕ್ಕನ ಮಗ 5.5ರ ಬಳೆಯನ್ನು ಬೆರಳ ತುದಿಗೆ ಸಿಕ್ಕಿಸಿಕೊಂಡು ಕೇಳಿದ್ದ. ದಾರ ಹೋಗುತ್ತದೆ. ಇಂಥ ಕೋಲಿಗೆ ಹಾಕುವ ಹೆಣೆದ ದಾರ ಸಾಮಾನ್ಯವಾಗಿ ಕಾಲು ಮಿಲಿಮೀಟರ್ ದಪ್ಪವನ್ನೂ ಮೀರದು, ಮೆತ್ತಗೂ ಇರುತ್ತದೆ. ಆದರೆ ಅದರ ಕೊನೆಗೆ ಎರಡು ಮೂರು ಮಾರು ಗಟ್ಟಿ ತಂಗೂಸಿ ಜೋಡಿಸುತ್ತೇವಲ್ಲ, ಆ ಗಂಟು ಹೋಗಬೇಕು. ಬಳೆಗಾರನ ಗೆಣ್ಣು ಇಲ್ಲಿದೆ. ಗಂಟು ಪ್ರತಿ ಬಳೆಯಲ್ಲೂ ಟಿಕ್ ಟಿಕ್ ಎಂದು ಸದ್ದು ಮಾಡುತ್ತಾ ಹೋದರೆ ಎಸೆತ ಕುಂಟುತ್ತಿದೆ ಎಂದೇ ಅರ್ಥ. ಅರ್ಧ ಮಿ.ಮೀ. ದಪ್ಪದ ತಂಗೂಸಿ ಕಟ್ಟುವವರು 5.5ರ ಹಟ ಬಿಟ್ಟು 6ಕ್ಕೋ 8ಕ್ಕೋ ಹೋಗುವುದು ಲೇಸು. ಇಡೀ ದಾರವೇ ದಪ್ಪ ನೈಲಾನ್ ಆಗಿದ್ದರೆ ಅದರ ಸುರುಳಿಗೆ ಹಟ ಜಾಸ್ತಿ, ಸುಲಭಕ್ಕೆ ನೆಟ್ಟಗಾಗದು. ಅದಕ್ಕೆ ಬುಡದಲ್ಲೂ ಒಂದಳತೆ ದೊಡ್ಡದನ್ನೇ ನಾನು ಕೊಡುತ್ತೇನೆ.

ಬಳೆಯ ಒಳಮೈ ಯಾವುದರದ್ದು ಎಂಬುದೂ ಅಳತೆಯ ಮಾತಿಗೆ ಅಂಟಿಕೊಂಡೇ ಬರುತ್ತದೆ. ಹಳೆಯ ಕೋಲುಗಳಲ್ಲಿ ಬರೀ ಉಕ್ಕಿನ ತಂತಿ, ಶ್ರೀಮಂತರದ್ದಾದರೆ ಅಗೇಟ್ ಕಲ್ಲು. ಈಗ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ಪಿಂಗಾಣಿ. ಒಳಮೈ ಗಟ್ಟಿಯಿದ್ದಷ್ಟೂ ಉಂಗುರವನ್ನು ತೆಳ್ಳಗೆ ಮಾಡಬಹುದು, ಆಗ ಹೊರಗಿನ ನಂಬರು ಅದೇ ಇದ್ದರೂ ಒಳಬಾಯಿ ಅಗಲವಾಗುತ್ತದೆ. ಎರಡು ಕಂಪನಿಯ 6ರ ಬಳೆಗಳಲ್ಲಿ ಒಂದರಲ್ಲಿ ಗಂಟು ತೂರಿ ಇನ್ನೊಂದರಲ್ಲಿ ಸಿಕ್ಕಿಕೊಳ್ಳುವುದು ಇದಕ್ಕೇ.

ಎರಡನೇ ಸಲ ಕಟ್ಟುವಾಗ ನೂಲು ಮುಟ್ಟುವ ಮೊದಲು ಎಲ್ಲ ಬಳೆಗಳನ್ನೂ ಟೇಪಿನಿಂದ ಅಂಟಿಸಿಕೊಂಡು ಮನೆ ಹತ್ತಿರದ ಮೈದಾನಕ್ಕೆ ಹೋದೆ. ಗಾಳವಿಲ್ಲ, ಹತ್ತು ಗ್ರಾಂ ಸೀಸದ ಗುಂಡು ಮಾತ್ರ. ಅಕ್ಕನ ಮಗ ಗುಂಡು ಬಿದ್ದಲ್ಲೆಲ್ಲ ಒಂದೊಂದು ಕಲ್ಲಿಟ್ಟ. ಬುಡದ ಬಳೆಯನ್ನು ಎರಡು ಬೆರಳಷ್ಟು ಮುಂದೆ ಸರಿಸಿ ಹತ್ತು ಎಸೆತ, ಹಿಂದೆ ಸರಿಸಿ ಹತ್ತು ಎಸೆತ. ದಾರ ಕೋಲಿಗೆ ಬಡಿಯುವ ಪಟಪಟ ಸದ್ದು ಒಂದು ಜಾಗದಲ್ಲಿ ನಿಂತು, ಬರೀ ಸುಯ್ಯೆಂಬ ಸದ್ದು ಉಳಿಯಿತು. ಕಲ್ಲುಗಳೂ ಅಲ್ಲೇ ಒಂದಕ್ಕೊಂದು ಹತ್ತಿರ ಬಂದು, ಸಾಲು ಮುಂದಕ್ಕೆ ಹೋಗಿತ್ತು. ಆಮೇಲೆ ಗುಂಡನ್ನು ಬೇಲಿಗೆ ಕಟ್ಟಿ, ಕೋಲನ್ನು ಬಾಗಿಸಿ ಹಿಡಿದು, ಅವನಿಗೆ ಪಕ್ಕದಿಂದ ನೋಡಲು ಹೇಳಿದೆ. ದಾರ ಕೋಲಿನ ಬಾಗನ್ನೇ ಹಿಂಬಾಲಿಸುತ್ತಿತ್ತು, ಮೂರನೆಯ ಮತ್ತು ನಾಲ್ಕನೆಯ ಬಳೆಗಳ ನಡುವೆ ಮಾತ್ರ ತುಸು ದೂರ ನಿಂತಿತ್ತು. ಅಲ್ಲಿ ಒಂದನ್ನು ಅರ್ಧ ಇಂಚು ಸರಿಸಿ, ಬಿಳಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು, ನೂಲಿನ ಉಂಡೆ ತೆಗೆದೆ.