ಸೋಲಲು ಒಪ್ಪದ ಬಣ

1996ರ ಜುಲೈ 7ರ ರಾತ್ರಿ. ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾ ಬೀಚ್ ಎಂಬ ಕಡಲತಡಿಯ ಊರಿನಲ್ಲಿ ಕುಸ್ತಿ ಪ್ರದರ್ಶನವೊಂದು ಮುಗಿದಾಗ, ರಿಂಗಿನ ತುಂಬ ಕಸ ಬಿದ್ದಿತ್ತು. ಲೋಟ, ಬಾಟಲಿ, ಕಾಗದ - ಕೈಗೆ ಸಿಕ್ಕಿದ್ದನ್ನೆಲ್ಲ ಪ್ರೇಕ್ಷಕರು ಎಸೆದಿದ್ದರು. ಒಬ್ಬನಂತೂ ತಡೆಬೇಲಿ ಹಾರಿ ರಿಂಗಿನೊಳಕ್ಕೇ ನುಗ್ಗಿ ಏಟು ತಿಂದ. ಆ ಕಸದ ನಡುವೆ ನಿಂತು, ಇನ್ನು ಮುಂದೆ ತಾನು ನಿಮ್ಮ ನಾಯಕನಲ್ಲ ಎಂದು ಸಾರುತ್ತಿದ್ದವನು ಹಲ್ಕ್ ಹೋಗನ್.

ಕೇಬಲ್ ಟಿ.ವಿ. ಬಂದ ಹೊಸದರಲ್ಲಿ ನಮ್ಮ ಊರುಗಳ ಮಕ್ಕಳೂ ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡುಗಳನ್ನು ಕೂಡಿಡುತ್ತಿದ್ದರು. ಎತ್ತರ, ತೂಕ, ಆಡಿದ ಕುಸ್ತಿ, ಗೆದ್ದ ಕುಸ್ತಿ ಎಂದೆಲ್ಲ ಅಂಕಿ ಹೇಳಿ ಗೆಳೆಯನ ಕಾರ್ಡನ್ನು ಕಿತ್ತುಕೊಳ್ಳುವ ಆಟವದು. ಅದನ್ನು ಆಡಿದವರಿಗೆ ಹೋಗನ್ ಯಾರೆಂದು ಹೇಳಬೇಕಾಗಿಲ್ಲ. 1984ರ ಜನವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಐರನ್ ಶೇಕ್‌ನನ್ನು ಮಣಿಸಿ ಪಟ್ಟಕ್ಕೇರಿದಂದಿನಿಂದ, ಹಳದಿ ಕೆಂಪು ಉಡುಪಿನ ಈ ದೈತ್ಯ ಅಲ್ಲಿಯ ಮಕ್ಕಳ ಆರಾಧ್ಯದೈವ. ಪ್ರಾರ್ಥನೆ ಮಾಡಿ, ವಿಟಮಿನ್ ತಿನ್ನಿ ಎಂದು ಬುದ್ಧಿ ಹೇಳುತ್ತಿದ್ದವನು. ಅಂಥವನು ಅಂದು ತನ್ನ ಪಕ್ಷದ ರ‍್ಯಾಂಡಿ ಸ್ಯಾವೇಜ್ ನೆಲಕ್ಕುರುಳಿ ಬಿದ್ದಿದ್ದಾಗ ರಕ್ಷಿಸಲು ಬಂದವನಂತೆ ಬಂದು, ಅವನ ಮೇಲೆಯೇ ಎರಗಿದ. ಎದುರಾಳಿಗಳಾದ ಸ್ಕಾಟ್ ಹಾಲ್ ಮತ್ತು ಕೆವಿನ್ ನ್ಯಾಶ್‌ರನ್ನು ಅಪ್ಪಿಕೊಂಡ. ಮೂವರೂ ಸೇರಿ ತಮ್ಮ ಕೂಟಕ್ಕೆ 'ನ್ಯೂ ವರ್ಲ್ಡ್ ಆರ್ಡರ್' ಎಂದು ಹೆಸರಿಟ್ಟರು. ಕೊಲ್ಲಿ ಯುದ್ಧದ ದಿನಗಳಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಬಾಯಲ್ಲಿ ಪದೇ ಪದೇ ಕೇಳಿಬಂದಿದ್ದ ಮಾತದು. ಕುಸ್ತಿಯ ಕಣದಲ್ಲಿ ಅದಕ್ಕೆ ಎನ್‌ಡಬ್ಲ್ಯುಓ ಎಂಬ ಮೂರಕ್ಷರದ ರೂಪ ಬಂತು.

ಇಂಥ ಕೂಟಕ್ಕೆ ಅಮೆರಿಕದ ವೃತ್ತಿ ಕುಸ್ತಿಯಲ್ಲಿ 'ಸ್ಟೇಬಲ್' ಎನ್ನುತ್ತಾರೆ. ಕುದುರೆ ಲಾಯ ಎಂಬ ಅರ್ಥದ ಮಾತು; ನಮ್ಮ ರಾಜಕೀಯದ ಭಾಷೆಯಲ್ಲಿ 'ಬಣ' ಎಂದರೆ ಸರಿಹೋದೀತು. 1980ರ ದಶಕದಲ್ಲಿ ರಿಕ್ ಫ್ಲೇರ್ ಮುಂದಾಳಾಗಿದ್ದ 'ಫೋರ್ ಹಾರ್ಸ್‌ಮೆನ್' ಇಂಥದೇ ಒಂದು ಹೆಸರುವಾಸಿ ಬಣ. ಈ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ನಿಗದಿಯಾಗಿರುತ್ತದೆ. ಬೀಳುವ ದೇಹ, ಮುರಿಯುವ ಮೂಳೆ ಮಾತ್ರ ನಿಜ. ಬಣಗಳ ಕೆಲಸ ಕಥೆ ಬೆಳೆಸುವುದು: ಖಳರು ಗುಂಪುಗಟ್ಟುತ್ತಾರೆ, ಒಂಟಿ ನಾಯಕನನ್ನು ಬಡಿಯುತ್ತಾರೆ, ಕೊನೆಗೊಂದು ದಿನ ಅವನ ಕೈಯಲ್ಲಿ ಸೋಲುತ್ತಾರೆ. ಎನ್‌ಡಬ್ಲ್ಯುಓ ಈ ಹಳೆಯ ಕಥೆಯ ಮೊದಲ ಎರಡು ಅಂಕಗಳನ್ನು ಯಾರೂ ಆಡದಷ್ಟು ಚೆನ್ನಾಗಿ ಆಡಿತು. ಮೂರನೆಯ ಅಂಕ ಬರಲೇ ಇಲ್ಲ.

ಈ ಬಣದ ಹುಟ್ಟಿಗೆ ಕಾರಣ ಸಂಬಳದ ಲೆಕ್ಕ. ಆಗ ಅಮೆರಿಕದಲ್ಲಿ ಎರಡು ದೊಡ್ಡ ಕುಸ್ತಿ ಕಂಪನಿಗಳಿದ್ದವು. ಒಂದು ವಿನ್ಸ್ ಮೆಕ್‌ಮಹೊನ್ ಅವರ ಡಬ್ಲ್ಯುಡಬ್ಲ್ಯುಎಫ್. ಇನ್ನೊಂದು, ಸಿಎನ್‌ಎನ್ ಸ್ಥಾಪಿಸಿದ ಟೆಡ್ ಟರ್ನರ್ 1988ರಲ್ಲಿ ಕೊಂಡಿದ್ದ ಡಬ್ಲ್ಯುಸಿಡಬ್ಲ್ಯು. ಮೆಕ್‌ಮಹೊನ್ ಕಂಪನಿಯಲ್ಲಿ ಕುಸ್ತಿಪಟುಗಳು ನೌಕರರಲ್ಲ, ಗುತ್ತಿಗೆಯವರು. ವರ್ಷವಿಡೀ ಊರೂರು ತಿರುಗಬೇಕು. ಗಳಿಕೆ ಇಷ್ಟೇ ಎಂಬ ಖಾತರಿಯಿಲ್ಲ. ಟರ್ನರ್ ಕಂಪನಿಯ ಮುಖ್ಯಸ್ಥರಾಗಿದ್ದ ಎರಿಕ್ ಬಿಷಫ್ ಖಚಿತ ಮೊತ್ತ ಕೊಡುತ್ತಿದ್ದರು, ಕೆಲಸದ ದಿನಗಳೂ ಕಡಿಮೆ. ಅಲ್ಲಿ ರೇಜರ್ ರಮೋನ್ ಎಂದು ಹೆಸರು ಮಾಡಿದ್ದ ಸ್ಕಾಟ್ ಹಾಲ್, ಡೀಸೆಲ್ ಎಂದು ಮೆರೆದಿದ್ದ ಕೆವಿನ್ ನ್ಯಾಶ್ ಇಬ್ಬರೂ ಈ ಲೆಕ್ಕ ಹಾಕಿಯೇ ಕಂಪನಿ ಬದಲಿಸಿದರು.

ಯಕ್ಷಗಾನದ ಕಲಾವಿದ ಮೇಳ ಬದಲಿಸಿದರೆ ಅವನ ಕೌರವ, ಕೀಚಕ ಅವನ ಜತೆಗೇ ಹೋಗುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ರೇಜರ್ ರಮೋನ್ ಎಂಬ ಹೆಸರು, ಆ ವೇಷ, ಆ ಗತ್ತು ಎಲ್ಲವೂ ಕಂಪನಿಯ ಆಸ್ತಿ. ಹಾಗಾಗಿ 1996ರ ಮೇ 27ರಂದು ಜಾರ್ಜಿಯಾದ ಮೇಕನ್‌ನಲ್ಲಿ ಡಬ್ಲ್ಯುಸಿಡಬ್ಲ್ಯುವಿನ 'ನೈಟ್ರೊ' ಕಾರ್ಯಕ್ರಮ ನಡೆಯುತ್ತಿದ್ದಾಗ ಹಾಲ್ ಬಂದದ್ದು ಹೆಸರಿಲ್ಲದೆ. ಕುಸ್ತಿ ನಡೆಯುತ್ತಿರುವಾಗಲೇ ಪ್ರೇಕ್ಷಕರ ಸಾಲಿನಿಂದ ಎದ್ದು, ಮಾಮೂಲಿ ಡೆನಿಮ್ ಬಟ್ಟೆಯಲ್ಲಿ ರಿಂಗ್ ಹತ್ತಿ ಮೈಕು ತೆಗೆದುಕೊಂಡ. ನಾನು ಯಾರೆಂದು ನಿಮಗೆ ಗೊತ್ತು, ಏಕೆ ಬಂದೆನೆಂದು ಗೊತ್ತಿಲ್ಲ ಎಂಬ ಅರ್ಥದಲ್ಲಿ ಮಾತಾಡಿದ. ಎರಡು ವಾರದ ಮೇಲೆ ನ್ಯಾಶ್ ಬಂದ. ಎದುರು ಕಂಪನಿಯವರು ದಂಡೆತ್ತಿ ಬಂದಿದ್ದಾರೆ ಎಂಬ ಭಾವನೆ ಹುಟ್ಟಿತು. ಅಷ್ಟರಲ್ಲಿ ಮೆಕ್‌ಮಹೊನ್ ಕಂಪನಿ ಕಾನೂನು ಕ್ರಮಕ್ಕೆ ಮುಂದಾಯಿತು: ಇವರು ಇನ್ನೂ ನಮ್ಮವರೇ ಎಂದು ಜನ ತಪ್ಪು ತಿಳಿಯುತ್ತಿದ್ದಾರೆ ಎಂಬುದು ಅದರ ದೂರು. ವಕೀಲರ ಕಾಟ ತಪ್ಪಿಸಲು ಜೂನ್ 16ರಂದು ಬಾಲ್ಟಿಮೋರ್‌ನ ವೇದಿಕೆಯಲ್ಲಿ ಬಿಷಫ್ ಇಬ್ಬರನ್ನೂ ನಿಲ್ಲಿಸಿ, ನೀವು ಡಬ್ಲ್ಯುಡಬ್ಲ್ಯುಎಫ್ ಕಡೆಯವರೇ ಎಂದು ಕೇಳಿ, ಅಲ್ಲ ಎನ್ನಿಸಿದರು. ಮರುಗಳಿಗೆಯಲ್ಲೇ ನ್ಯಾಶ್ ಬಿಷಫ್ ಅವರನ್ನು ಎತ್ತಿ ವೇದಿಕೆಯಿಂದ ಕೆಳಕ್ಕೆ ಒಗೆದ. ಕಾನೂನಿಗೆ ಕೊಟ್ಟ ಹೇಳಿಕೆಯೂ ಕಥೆಯ ಭಾಗವೇ ಆಗಿಹೋಯಿತು!

ಅತ್ತ ಮೆಕ್‌ಮಹೊನ್ ಕಂಪನಿ ಅದೇ ವರ್ಷ ಬೇರೆ ಇಬ್ಬರಿಗೆ ರೇಜರ್ ಮತ್ತು ಡೀಸೆಲ್ ವೇಷ ತೊಡಿಸಿ ರಿಂಗಿಗೆ ಇಳಿಸಿತು. ಹೆಸರು ನಮ್ಮದು, ಮನುಷ್ಯ ಯಾರಾದರೇನು ಎಂಬ ಲೆಕ್ಕಾಚಾರ. ಜನ ಅದನ್ನು ತಿರಸ್ಕರಿಸಿದರು. ಆ ನಕಲಿ ಡೀಸೆಲ್ ಆಗಿದ್ದ ಗ್ಲೆನ್ ಜೇಕಬ್ಸ್ ಮುಂದೆ ಕೇನ್ ಎಂಬ ಮುಸುಕುಧಾರಿಯಾಗಿ ದೊಡ್ಡ ಹೆಸರು ಮಾಡಿ, 2018ರಲ್ಲಿ ಟೆನೆಸಿ ರಾಜ್ಯದ ನಾಕ್ಸ್ ಕೌಂಟಿಯ ಮೇಯರ್ ಆಗಿ ಚುನಾಯಿತನಾದದ್ದು ಬೇರೆಯೇ ಕಥೆ.

ದಾಳಿಕೋರರ ಈ ಕಲ್ಪನೆ ಬಿಷಫ್ ಅವರ ಸ್ವಂತದ್ದೇನಲ್ಲ. 1995ರಲ್ಲಿ ಜಪಾನಿನ 'ನ್ಯೂ ಜಪಾನ್' ಕಂಪನಿ, ಯುಡಬ್ಲ್ಯುಎಫ್‌ಐ ಎಂಬ ಇನ್ನೊಂದು ಕಂಪನಿಯ ಪೈಲ್ವಾನರನ್ನು ಕರೆಸಿ ಎರಡು ಪಾಳೆಯಗಳ ಯುದ್ಧ ನಡೆಸಿತ್ತು. ಅಕ್ಟೋಬರ್ 9ರಂದು ಟೋಕಿಯೊ ಡೋಮ್ ಕಿಕ್ಕಿರಿದು ತುಂಬಿತ್ತು. ಅದನ್ನು ಕಂಡೇ ಅವರಿಗೆ ಈ ಉಪಾಯ ಹೊಳೆದದ್ದು. ಆದರೆ ಅದಕ್ಕೆ ತೊಡಿಸಿದ ರೂಪ ಹೊಸದು. ಎನ್‌ಡಬ್ಲ್ಯುಓ ತನ್ನನ್ನು ಕಂಪನಿಯ ಭಾಗವೆಂದೇ ತೋರಿಸಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದ ಕ್ಯಾಮರಾದಲ್ಲಿ ತೆಗೆದಂಥ, ಅಲುಗಾಡುವ ಕಪ್ಪು ಬಿಳುಪು ಜಾಹೀರಾತುಗಳು ನೈಟ್ರೊ ನಡುವೆ ಬಂದವು. ಇದಕ್ಕೆ ಎನ್‌ಡಬ್ಲ್ಯುಓ ಹಣ ಕೊಟ್ಟಿದೆ ಎಂಬ ಸೂಚನೆ ಬೇರೆ. ಆಗಸ್ಟಿನಲ್ಲಿ ಪಟ್ಟ ಗೆದ್ದ ಹೋಗನ್ ಚಿನ್ನದ ಬಣ್ಣದ ಬೆಲ್ಟಿನ ಮೇಲೆ ಕಪ್ಪು ಬಣ್ಣ ಸಿಂಪಡಿಸಿ ಮೂರಕ್ಷರ ಬರೆದ. ಸೋತ ಎದುರಾಳಿಗಳ ಬೆನ್ನ ಮೇಲೂ ಅದೇ ಮುದ್ರೆ. ಬಿಳಿಯ ಅಕ್ಷರದ ಕಪ್ಪು ಟೀ ಶರ್ಟನ್ನು, ಖಳರನ್ನು ದ್ವೇಷಿಸಬೇಕಾಗಿದ್ದ ಪ್ರೇಕ್ಷಕರೇ ಕೊಂಡು ತೊಟ್ಟರು. ಕಸ ಎಸೆದಿದ್ದ ಕೈಗಳೇ ಚಪ್ಪಾಳೆ ತಟ್ಟಿದವು. ಜಪಾನಿನಲ್ಲಿ ಮಸಾಹಿರೊ ಚೋನೊ ಕಟ್ಟಿದ ಶಾಖೆಯೂ ಜನಪ್ರಿಯವಾಯಿತು.

1996ರ ಜೂನ್‌ನಿಂದ ಸತತ 83 ವಾರ ಸೋಮವಾರದ ರಾತ್ರಿ ಟರ್ನರ್ ಕಂಪನಿಯ ನೈಟ್ರೊ ಕಾರ್ಯಕ್ರಮ ಮೆಕ್‌ಮಹೊನ್ ಅವರ 'ರಾ' ಕಾರ್ಯಕ್ರಮಕ್ಕಿಂತ ಹೆಚ್ಚು ವೀಕ್ಷಕರನ್ನು ಸೆಳೆಯಿತು. ಅಷ್ಟು ವರ್ಷ ಯಾರೂ ಅಲುಗಾಡಿಸಲಾಗದ ಕಂಪನಿ ಎರಡನೆಯ ಸ್ಥಾನಕ್ಕಿಳಿದದ್ದು ಈ ಬಣದ ದೆಸೆಯಿಂದಲೇ.

ತೊಂದರೆ ಶುರುವಾದದ್ದೂ ಇಲ್ಲೇ. ಬಣಕ್ಕೆ ಸೇರುವುದೆಂದರೆ ಪ್ರಾಮುಖ್ಯ ಸಿಗುವುದು ಎಂದಾಯಿತು. ಮೂವರಿದ್ದದ್ದು ಹತ್ತಾಯಿತು, ಹತ್ತು ಇಪ್ಪತ್ತಾಯಿತು. ರೆಫರಿ ಸೇರಿದ, 1996ರ ನವೆಂಬರಿನಲ್ಲಿ ಸ್ವತಃ ಬಿಷಫ್ ಸೇರಿದರು, ಮರುವರ್ಷ ಬ್ಯಾಸ್ಕೆಟ್‌ಬಾಲ್ ತಾರೆ ಡೆನಿಸ್ ರಾಡ್‌ಮನ್ ಕೂಡ ಬಂದ. ಕಂಪನಿಯ ಮುಖ್ಯಸ್ಥನೇ ಬಣದೊಳಗಿರುವಾಗ ಹೊರಗಿನವರ ದಾಳಿ ಎಂಬ ಕಥೆಗೆ ಅರ್ಥವೇನು? ಜೊತೆಗೆ ಹೋಗನ್‌ನ ಒಪ್ಪಂದದಲ್ಲಿ, ತನ್ನ ಕುಸ್ತಿಯ ಫಲಿತಾಂಶ ಏನಾಗಬೇಕೆಂಬುದರ ಬಗ್ಗೆ ಅವನಿಗೇ ಅಧಿಕಾರ ಕೊಡುವ ಷರತ್ತಿತ್ತು. ಯಾವ ಖಳನಿಗೆ ತಾನು ಸೋಲಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕಿರುತ್ತದೆ?

ಸೋಲಿಸಬೇಕಾದ ನಾಯಕ ಸಿದ್ಧನಾಗಿಯೇ ಇದ್ದ. ಬಣ್ಣಬಣ್ಣದ ಉಡುಪಿನ ಸ್ಟಿಂಗ್ ಮುಖಕ್ಕೆ ಬಿಳಿ ಬಳಿದು, ಕಪ್ಪು ಕೋಟು ತೊಟ್ಟು, ಮಾತು ಬಿಟ್ಟು, ಒಂದು ವರ್ಷಕ್ಕೂ ಮೀರಿ ಕುಸ್ತಿಯನ್ನೇ ಆಡದೆ ಕ್ರೀಡಾಂಗಣದ ಮಾಳಿಗೆಯ ತೊಲೆಗಳ ಮೇಲೆ ನಿಂತು ನೋಡುತ್ತಿದ್ದ. ಜನ ಅವನು ಇಳಿದು ಬರುವ ದಿನಕ್ಕಾಗಿ ಕಾದರು. ಆ ದಿನ 1997ರ ಡಿಸೆಂಬರ್ 28, ವಾಷಿಂಗ್ಟನ್‌ನಲ್ಲಿ. ಯೋಜನೆಯ ಪ್ರಕಾರ ರೆಫರಿ ಬೇಗ ಬೇಗ ಮೂರು ಎಣಿಸಿ ಹೋಗನ್‌ಗೆ ಅನ್ಯಾಯದ ಗೆಲುವು ಕೊಡಬೇಕು, ಬ್ರೆಟ್ ಹಾರ್ಟ್ ಬಂದು ಅದನ್ನು ಪ್ರಶ್ನಿಸಿ ಕುಸ್ತಿ ಮುಂದುವರಿಸಬೇಕು, ಸ್ಟಿಂಗ್ ಗೆಲ್ಲಬೇಕು. ರೆಫರಿ ಎಣಿಸಿದ್ದು ಮಾಮೂಲಿ ವೇಗದಲ್ಲಿ! ನೋಡಿದವರ ಕಣ್ಣಿಗೆ ಹೋಗನ್ ನ್ಯಾಯವಾಗಿಯೇ ಗೆದ್ದಿದ್ದ. ಆಮೇಲೆ ಸ್ಟಿಂಗ್‌ಗೆ ಪಟ್ಟ ಬಂತಾದರೂ ಅದು ದಾನ ಕೊಟ್ಟಂತಾಯಿತು. ವರ್ಷವಿಡೀ ಕೂಡಿಟ್ಟ ಕಾವೆಲ್ಲ ಒಂದು ಎಣಿಕೆಯಲ್ಲಿ ಆರಿತು. ಅದು ಕೈತಪ್ಪೋ ಬೇಕೆಂದೇ ಮಾಡಿದ್ದೋ ಎಂಬ ವಾದ ಅಭಿಮಾನಿಗಳಲ್ಲಿ ಇಂದಿಗೂ ಮುಗಿದಿಲ್ಲ.

1998ರಲ್ಲಿ ಬಣ ಒಡೆಯಿತು. ಹೋಗನ್‌ನದು ಕಪ್ಪು ಬಿಳಿ, ನ್ಯಾಶ್‌ನದು ಕಪ್ಪು ಕೆಂಪು. ಈ ನಡುವೆ ಸ್ಕಾಟ್ ಹಾಲ್‌ನ ನಿಜವಾದ ಕುಡಿತದ ಚಟವನ್ನೇ ಕಂಪನಿ ಕಥೆಯಾಗಿಸಿ, ಅವನನ್ನು ಕುಡುಕನ ಪಾತ್ರದಲ್ಲಿ ತೆರೆಗೆ ತಂದಿತು. ನಿಜವನ್ನೂ ನಟನೆಯನ್ನೂ ಬೆರೆಸಿ ಗೆದ್ದ ಬಣದ ಕಥೆಯಲ್ಲಿ ಇದು ಅತ್ಯಂತ ಹೇಸಿಗೆಯ ಅಧ್ಯಾಯ. ಹಾಲ್ ಆ ಚಟದಿಂದ ಹೊರಬರಲು ಹೆಣಗಿದ್ದು ಮುಂದಿನ ಹದಿನೈದು ವರ್ಷ.

1999ರ ಜನವರಿ 4ರಂದು ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಪಟ್ಟ ಹೊತ್ತಿದ್ದ ನ್ಯಾಶ್ ಎದುರು ಹೋಗನ್ ನಿಂತ. ಹೋಗನ್ ಒಂದು ಬೆರಳಿನಿಂದ ಅವನ ಎದೆ ಮುಟ್ಟಿದ, ನ್ಯಾಶ್ ಗುಂಡೇಟು ಬಿದ್ದವನಂತೆ ಅಂಗಾತ ಮಲಗಿದ, ಹೋಗನ್ ಚಾಂಪಿಯನ್! ಬಣ ಮತ್ತೆ ಒಂದಾಯಿತು. ಅದೇ ರಾತ್ರಿ ಎದುರು ಚಾನೆಲ್‌ನಲ್ಲಿ ಮಿಕ್ ಫೋಲಿ ಪಟ್ಟ ಗೆಲ್ಲಲಿದ್ದಾನೆಂದು ನೈಟ್ರೊ ವೀಕ್ಷಕ ವಿವರಣೆಗಾರ, ಮೇಲಿನವರ ಅಪ್ಪಣೆಯಂತೆ, ಗೇಲಿಯ ದನಿಯಲ್ಲಿ ಹೇಳಿಬಿಟ್ಟಿದ್ದ. ಗುಟ್ಟು ಒಡೆದರೆ ಅದನ್ನು ಯಾರೂ ನೋಡಲಾರರು ಎಂಬ ಎಣಿಕೆ ಉಲ್ಟಾ ಹೊಡೆಯಿತು. ಲಕ್ಷಾಂತರ ಮಂದಿ ಚಾನೆಲ್ ತಿರುಗಿಸಿ, ದಡೂತಿ ಮೈಯ, ಜಜ್ಜಿಹೋದ ಮುಖದ ಫೋಲಿ ಗೆದ್ದದ್ದನ್ನು ನೋಡಿದರು.

ಡಬ್ಲ್ಯುಸಿಡಬ್ಲ್ಯು ಮುಳುಗಿದ್ದಕ್ಕೆ ಆ ಬೆರಳೊಂದನ್ನೇ ದೂರುವುದು ಸರಿಯಲ್ಲ. 2000ದ ಹೊತ್ತಿಗೆ ಕಂಪನಿ ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಕಳೆದುಕೊಳ್ಳುತ್ತಿತ್ತು; ಟೈಮ್ ವಾರ್ನರ್ ಸಂಸ್ಥೆ ಎಓಎಲ್ ಜತೆ ವಿಲೀನವಾದ ಮೇಲೆ ಟರ್ನರ್ ಕೈಯಲ್ಲಿ ಅಧಿಕಾರ ಉಳಿಯಲಿಲ್ಲ; ಹೊಸ ಆಡಳಿತ ಕುಸ್ತಿಯನ್ನು ತನ್ನ ಚಾನೆಲ್‌ಗಳಿಂದಲೇ ತೆಗೆದುಹಾಕಿತು. ಆದರೆ ಗೆಲ್ಲಬೇಕಾದ ಕಾಲದಲ್ಲಿ ಹೊಸ ನಾಯಕರನ್ನು ಬೆಳೆಸಲು ಬಿಡದಿದ್ದವರು ಯಾರು ಎಂಬ ಪ್ರಶ್ನೆಗೆ ಉತ್ತರ ಕಪ್ಪು ಟೀ ಶರ್ಟಿನ ಕಡೆಗೇ ಬೊಟ್ಟು ಮಾಡುತ್ತದೆ. 2001ರ ಮಾರ್ಚಿನಲ್ಲಿ ಮೆಕ್‌ಮಹೊನ್ ತಮ್ಮನ್ನು 83 ವಾರ ಸೋಲಿಸಿದ ಕಂಪನಿಯನ್ನು ಕೆಲವೇ ದಶಲಕ್ಷ ಡಾಲರಿಗೆ ಕೊಂಡುಕೊಂಡರು. ನೈಟ್ರೊದ ಕೊನೆಯ ಕಂತು ಮಾರ್ಚ್ 26ರಂದು ಪ್ರಸಾರವಾಯಿತು. ಎರಡು ಕಂಪನಿಗಳಿದ್ದಾಗ ಚೌಕಾಸಿ ಮಾಡಿ ಕೂಲಿ ಏರಿಸಿಕೊಳ್ಳಬಹುದಾಗಿದ್ದ ಕುಸ್ತಿಪಟುವಿಗೆ ಅಮೆರಿಕದಲ್ಲಿ ಈಗ ಒಬ್ಬನೇ ದೊಡ್ಡ ಯಜಮಾನ ಉಳಿದ. ಹಾಲ್ ಮತ್ತು ನ್ಯಾಶ್ ತೆರೆದ ಬಾಗಿಲು ಐದೇ ವರ್ಷದಲ್ಲಿ ಮುಚ್ಚಿತ್ತು.

ಬಣದ ಅಚ್ಚು ಮಾತ್ರ ಉಳಿಯಿತು. 1997ರಲ್ಲಿ ಮೆಕ್‌ಮಹೊನ್ ಕಂಪನಿಯಲ್ಲೇ ಹುಟ್ಟಿದ ಡಿ-ಜನರೇಷನ್ ಎಕ್ಸ್, ಮರುವರ್ಷ ಸೈನಿಕ ಜೀಪೇರಿ ನೈಟ್ರೊ ನಡೆಯುತ್ತಿದ್ದ ಕ್ರೀಡಾಂಗಣದ ಬಾಗಿಲಿಗೇ ಹೋಗಿ ಕೂಗಾಡಿತು. 2013ರಲ್ಲಿ ಜಪಾನಿನಲ್ಲಿ ವಿದೇಶಿ ಕುಸ್ತಿಪಟುಗಳು ಕಟ್ಟಿದ 'ಬುಲೆಟ್ ಕ್ಲಬ್' ಕಪ್ಪು ಬಿಳುಪು ಅಂಗಿ, ತೋಳನ ತಲೆಯಂತೆ ಬೆರಳು ಮಡಿಸುವ ಸನ್ನೆ ಎಲ್ಲವನ್ನೂ ಎನ್‌ಡಬ್ಲ್ಯುಓದಿಂದ ತೆಗೆದುಕೊಂಡಿತು. ಅಂಗಿ ಮಾರಿ ಸ್ವಂತ ಕಾಲ ಮೇಲೆ ನಿಲ್ಲಬಹುದೆಂದು ಕಂಡುಕೊಂಡ ಅದರ ಕೆಲವರು 2019ರಲ್ಲಿ ಎಇಡಬ್ಲ್ಯು ಎಂಬ ಹೊಸ ಕಂಪನಿಯ ಆರಂಭಕ್ಕೆ ಹೆಗಲು ಕೊಟ್ಟರು. ಅದರ ಕಾರ್ಯಕ್ರಮ ಮೊದಲು ಬಂದದ್ದು ನೈಟ್ರೊ ಬರುತ್ತಿದ್ದ ಟಿಎನ್‌ಟಿ ಚಾನೆಲ್‌ನಲ್ಲೇ. ಕುಸ್ತಿಪಟುವಿಗೆ ಮತ್ತೊಂದು ಬಾಗಿಲು ಸಿಕ್ಕಿತು. 2025ರ ಮಾರ್ಚ್ 1ರಂದು ಟೊರಾಂಟೊದಲ್ಲಿ ಜಾನ್ ಸೀನಾ ಖಳನಾಗಿ ತಿರುಗಿದಾಗ ಎಲ್ಲರೂ ನೆನೆದದ್ದು ಡೇಟೋನಾ ಬೀಚಿನ ರಾತ್ರಿಯನ್ನು.

ಎನ್‌ಡಬ್ಲ್ಯುಓ ಹೆಸರು ಈಗ ಡಬ್ಲ್ಯುಡಬ್ಲ್ಯುಇ ಎಂದಾಗಿರುವ ಮೆಕ್‌ಮಹೊನ್ ಅವರ ಹಳೆಯ ಕಂಪನಿಯ ಸ್ವತ್ತು. 2021ರ ಏಪ್ರಿಲ್‌ನಲ್ಲಿ ಅದು ಹೋಗನ್, ಹಾಲ್, ನ್ಯಾಶ್ ಮತ್ತು ಶಾನ್ ವಾಲ್ಟ್‌ಮನ್ ನಾಲ್ವರನ್ನು ತನ್ನ ಕೀರ್ತಿಶಾಲಿಗಳ ಪಟ್ಟಿಗೆ ಸೇರಿಸಿ ಸನ್ಮಾನಿಸಿತು. ಕೊರೊನಾ ಕಾಲವಾದ್ದರಿಂದ ಸಭಾಂಗಣದಲ್ಲಿ ಪ್ರೇಕ್ಷಕರಿರಲಿಲ್ಲ. ಸುತ್ತಲಿನ ಪರದೆಗಳ ಮೇಲೆ ಮನೆಯಲ್ಲೇ ಕುಳಿತವರ ಮುಖಗಳಿದ್ದವು. ಕಸ ಎಸೆಯಲು ಒಬ್ಬರೂ ಇರಲಿಲ್ಲ. ಮರುವರ್ಷ ಮಾರ್ಚ್ 14ರಂದು ಹಾಲ್, 2025ರ ಜುಲೈ 24ರಂದು ಹೋಗನ್ ತೀರಿಕೊಂಡರು. ಟೀ ಶರ್ಟು ಇನ್ನೂ ಮಾರಾಟವಾಗುತ್ತಿದೆ.