ಹೊಸ ಪಿಕ್‌ಅಪ್ ವಾಹನವೂ ತುಕ್ಕಿನ ವಿದ್ಯುತ್ಕೋಶವೂ

ಮಲ್ಪೆಯ ಬಂದರಿನಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಬೆಳಗಿನ ಜಾವ ಸಾಲಾಗಿ ನಿಂತ ಪಿಕ್‌ಅಪ್ ವಾಹನಗಳನ್ನು ನೀವು ನೋಡಿರಬಹುದು. ಮೀನು ಮತ್ತು ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳನ್ನು ಹೊತ್ತು ಅವು ಘಟ್ಟ ಹತ್ತಿ ಒಳನಾಡಿನ ಮಾರುಕಟ್ಟೆಗಳನ್ನು ಸೇರುತ್ತವೆ. ಇಂಥ ವಾಹನವನ್ನು ಸಾಮಾನ್ಯವಾಗಿ ಸಾಲ ಮಾಡಿ ಕೊಳ್ಳುತ್ತಾರೆ. ವರ್ಷಗಟ್ಟಲೆ ತಿಂಗಳು ತಿಂಗಳೂ ಕಂತು ಕಟ್ಟುತ್ತಾರೆ. ಎಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ತಳದ ತಗಡು ತೂತಾಗಿ, ಬಾಗಿಲಿನ ಕೆಳ ಅಂಚು ಉದುರತೊಡಗಿದರೆ, ಕಂತು ಮುಗಿಯುವ ಹೊತ್ತಿಗೆ ಕೈಯಲ್ಲಿ ಉಳಿಯುವುದು ಗುಜರಿ ಬೆಲೆಯ ಕಬ್ಬಿಣ.

ಹೊಸ ವಾಹನದ ಮಾಲೀಕರು ಎಂಜಿನ್ ಆಯಿಲ್, ಟೈರಿನ ಗಾಳಿ, ಸರ್ವಿಸ್ ದಿನಾಂಕ ಇವನ್ನು ತಪ್ಪದೆ ನೆನಪಿಡುತ್ತಾರೆ. ಇವೆಲ್ಲ ಅಗತ್ಯವೇ. ಆದರೆ ಸವೆದ ಟೈರನ್ನೂ ಕೆಟ್ಟ ಪಂಪನ್ನೂ ಬದಲಿಸಬಹುದು. ತುಕ್ಕು ತಿಂದ ಚಾಸಿಯನ್ನು ಹಾಗೆ ಬದಲಿಸುವುದು ಸುಲಭವಲ್ಲ. ಆದ್ದರಿಂದ ತುಕ್ಕು ಹೇಗೆ, ಎಲ್ಲಿ ಹುಟ್ಟುತ್ತದೆ ಎಂಬುದನ್ನು ವಾಹನ ಹೊಸದಾಗಿರುವಾಗಲೇ ತಿಳಿದಿರಬೇಕು. ಈ ವಿಷಯದಲ್ಲಿ ನಮ್ಮ ಸಾಮಾನ್ಯ ತಿಳುವಳಿಕೆ ಒಂದು ಮುಖ್ಯ ಅಂಶವನ್ನು ತಲೆಕೆಳಗಾಗಿ ಹಿಡಿದಿದೆ.

ತುಕ್ಕಿನ ಹಿಂದಿರುವ ವಿದ್ಯುತ್ತು

ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಸೇರಿದರೆ ತುಕ್ಕು ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಮಾತು ಸರಿ, ಆದರೆ ಪೂರ್ಣವಲ್ಲ. ತುಕ್ಕು ಹಿಡಿಯುವ ತಗಡು ಒಂದು ಪುಟ್ಟ ವಿದ್ಯುತ್ಕೋಶ. ತಗಡಿನ ಒಂದು ಜಾಗದಲ್ಲಿ ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ ನೀರಿಗಿಳಿಯುತ್ತದೆ. ಇದು ಆನೋಡ್. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಜಾಗಕ್ಕೆ ಹೋಗಿ, ಅಲ್ಲಿ ಆಮ್ಲಜನಕ ಮತ್ತು ನೀರಿನೊಂದಿಗೆ ಸೇರಿ ಹೈಡ್ರಾಕ್ಸಿಲ್ ಅಯಾನುಗಳನ್ನು ಉಂಟುಮಾಡುತ್ತವೆ. ಇದು ಕ್ಯಾಥೋಡ್. ಮೇಲಿನ ನೀರಿನ ಪದರದಲ್ಲಿ ಅಯಾನುಗಳು ಚಲಿಸಿ ಮಂಡಲವನ್ನು ಪೂರ್ಣಗೊಳಿಸುತ್ತವೆ.

ಕಬ್ಬಿಣದ ಪ್ರಮಾಣಕ ವಿಭವ ಮೈನಸ್ 0.44 ವೋಲ್ಟ್, ಆಮ್ಲಜನಕದ ಕ್ರಿಯೆಯದು ಪ್ಲಸ್ 0.40 ವೋಲ್ಟ್. ವ್ಯತ್ಯಾಸ 0.84 ವೋಲ್ಟ್. ಗೋಡೆ ಗಡಿಯಾರದ ಶುಷ್ಕ ಕೋಶದ ಒಂದೂವರೆ ವೋಲ್ಟಿನ ಅರ್ಧಕ್ಕಿಂತ ಹೆಚ್ಚಿನ ಒತ್ತಡ ಇದು. ಕೋಶ ಕೆಲಸ ಮಾಡಲು ಬೇಕಾದುದು ವಿದ್ಯುತ್ ಹರಿಯಬಲ್ಲ ದ್ರವ ಮಾತ್ರ. ಮೀನಿನ ಪೆಟ್ಟಿಗೆಯಿಂದ ಸೋರುವ ಉಪ್ಪುನೀರು ಅದನ್ನು ಧಾರಾಳವಾಗಿ ಒದಗಿಸುತ್ತದೆ. ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ.

ಗಾಳಿ ಕಡಿಮೆ ಇರುವಲ್ಲೇ ಹೆಚ್ಚು ಹಾನಿ

ಆಮ್ಲಜನಕ ಹೆಚ್ಚು ಸಿಗುವ ತೆರೆದ ಜಾಗದಲ್ಲಿ ತುಕ್ಕು ಜಾಸ್ತಿ, ಮುಚ್ಚಿದ ಜಾಗದಲ್ಲಿ ಕಡಿಮೆ ಎಂದು ನಾವು ಊಹಿಸುತ್ತೇವೆ. ನಡೆಯುವುದು ಇದಕ್ಕೆ ವಿರುದ್ಧ. ಕೇಂಬ್ರಿಜ್‌ನ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಇದನ್ನು ಉಪ್ಪುನೀರಿನ ಒಂದೇ ಹನಿಯಿಂದ ತೋರಿಸಿಕೊಟ್ಟರು. ಈ ಪ್ರಯೋಗವನ್ನು ಯಾವ ಪ್ರೌಢಶಾಲೆಯಲ್ಲೂ ಮಾಡಬಹುದು.

100 ಮಿಲಿಲೀಟರ್ ನೀರಿಗೆ 3 ಗ್ರಾಂ ಅಡುಗೆ ಉಪ್ಪು, ಕೆಲವು ಹನಿ ಫಿನಾಲ್ಫ್ತಲೀನ್, ಒಂದು ಚಿಟಿಕೆ ಪೊಟ್ಯಾಸಿಯಂ ಫೆರ್ರಿಸಯನೈಡ್ ಬೆರೆಸಿ. (ಫೆರ್ರಿಸಯನೈಡನ್ನು ಆಮ್ಲದೊಂದಿಗೆ ಎಂದೂ ಸೇರಿಸಬಾರದು, ಅಧ್ಯಾಪಕರೇ ಅಳೆದು ಕೊಡಲಿ.) ಮರಳು ಕಾಗದದಿಂದ ಉಜ್ಜಿ ಹೊಳಪಿಸಿದ ಕಬ್ಬಿಣದ ತಗಡಿನ ಮೇಲೆ ಈ ದ್ರಾವಣದ ದೊಡ್ಡ ಹನಿಯೊಂದನ್ನು ಇಟ್ಟು ಕಾಯಿರಿ. ಹನಿಯ ಅಂಚು ಗುಲಾಬಿಯಾಗುತ್ತದೆ, ನಡುಭಾಗ ನೀಲಿಯಾಗುತ್ತದೆ. ಗುಲಾಬಿ ಬಣ್ಣ ಹೈಡ್ರಾಕ್ಸಿಲ್ ಅಯಾನುಗಳ ಗುರುತು, ಅಂದರೆ ಅಂಚು ಕ್ಯಾಥೋಡ್. ನೀಲಿ ಬಣ್ಣ ಕರಗಿದ ಕಬ್ಬಿಣದ ಗುರುತು, ಅಂದರೆ ನಡುಭಾಗ ಆನೋಡ್. ಅಂಚಿನಲ್ಲಿ ಹನಿ ತೆಳುವಾಗಿರುವುದರಿಂದ ಗಾಳಿಯ ಆಮ್ಲಜನಕ ಬೇಗ ಲೋಹವನ್ನು ತಲಪುತ್ತದೆ. ನಡುಭಾಗಕ್ಕೆ ಅದು ತಲಪುವುದು ನಿಧಾನ. ಆಮ್ಲಜನಕ ಉಣ್ಣುವುದು ಅಂಚು, ಬೆಲೆ ತೆರುವುದು ನಡುಭಾಗ.

ಈ ಹನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ವಾಹನವನ್ನು ನೋಡಿ. ಮಡ್‌ಗಾರ್ಡಿನ ಒಳಗೆ ಅಂಟಿದ ಒದ್ದೆ ಕೆಸರಿನ ಅಡಿ, ಎರಡು ತಗಡುಗಳು ಕೂಡುವ ಸಂದು, ಬೋಲ್ಟಿನ ತಲೆಯ ಕೆಳಗೆ, ಬಾಗಿಲಿನ ಒಳತಳ ಇವೆಲ್ಲ ಹನಿಯ ನಡುಭಾಗವಿದ್ದಂತೆ. ಸಾಮಾನು ಹೇರುವ ಹಿಂಬದಿಗೆ, ಅಂದರೆ ಚಾಲಕರು ‘ಬಾಡಿ’ ಎನ್ನುವ ಭಾಗಕ್ಕೆ, ಗೀರು ಬೀಳದಿರಲೆಂದು ರಬ್ಬರ್ ಹಾಸು ಹಾಕಿಸುವುದುಂಟು. ಹಾಸು ಗೀರನ್ನು ತಡೆಯುತ್ತದೆ, ನಿಜ. ಆದರೆ ಅದರ ಅಡಿಗೆ ನುಗ್ಗಿದ ಉಪ್ಪುನೀರು ಹೊರಬರಲು ದಾರಿಯಿಲ್ಲದಿದ್ದರೆ, ಬಣ್ಣ ಎಲ್ಲಿ ಕಿತ್ತಿದೆಯೋ ಅಲ್ಲಿ ಹಾಸೇ ತುಕ್ಕಿನ ತೊಟ್ಟಿಲಾಗುತ್ತದೆ. ಮುಚ್ಚಿದರೆ ಸಾಲದು, ಒಣಗಬೇಕು.

ಉಪ್ಪಿಗೆ ಮಳೆ ಬೇಕಿಲ್ಲ

ನೀರು ಒಣಗಿತಲ್ಲ, ಇನ್ನೇನು ಭಯ ಎಂದು ಕೇಳಬಹುದು. ನೀರು ಆರಿದರೂ ಉಪ್ಪು ಉಳಿಯುತ್ತದೆ. ಸಾಪೇಕ್ಷ ಆರ್ದ್ರತೆ ಸುಮಾರು 75 ಶೇಕಡಾ ದಾಟಿದಾಗ ಸೋಡಿಯಂ ಕ್ಲೋರೈಡ್ ಗಾಳಿಯಲ್ಲಿರುವ ನೀರಾವಿಯನ್ನು ತಾನೇ ಹೀರಿ ದ್ರಾವಣವಾಗುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರು ಬಿಡುವುದನ್ನು ನೋಡಿರುವಿರಿ. ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಕಡಿಮೆ ಆರ್ದ್ರತೆಯಲ್ಲೇ ನೀರಾಗುತ್ತದೆ. ಕರಾವಳಿಯಲ್ಲಿ ಇಂಥ ಆರ್ದ್ರತೆ ಮಳೆಗಾಲದಲ್ಲಿ ಹಗಲೂ ಇರುತ್ತದೆ, ಉಳಿದ ಕಾಲದಲ್ಲೂ ಅನೇಕ ರಾತ್ರಿಗಳಲ್ಲಿ ಇರುತ್ತದೆ. ಆದುದರಿಂದ ತೊಳೆಯದೆ ಮಾಡಿನಡಿ ನಿಲ್ಲಿಸಿದ ವಾಹನದಲ್ಲಿ, ಒಂದು ಹನಿ ಮಳೆ ತಾಗದಿದ್ದರೂ, ಕೋಶ ಕೆಲಸ ಮಾಡುತ್ತಲೇ ಇರುತ್ತದೆ.

ಎಷ್ಟು ಬೇಗ ತೂತಾದೀತು?

ಫ್ಯಾರಡೆಯ ನಿಯಮದಿಂದ ಇದನ್ನು ಲೆಕ್ಕ ಹಾಕೋಣ. ಒಂದು ಚದರ ಸೆಂಟಿಮೀಟರ್ ಕಬ್ಬಿಣದಿಂದ ಒಂದು ಮೈಕ್ರೋ ಆಂಪೇರ್ ವಿದ್ಯುತ್ ಹರಿಯುತ್ತಿದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 3.15 ಕೋಟಿ ಸೆಕೆಂಡುಗಳು. ಹರಿದ ಆವೇಶ 31.5 ಕೂಲಂಬ್. ಒಂದು ಮೋಲ್, ಅಂದರೆ 55.85 ಗ್ರಾಂ ಕಬ್ಬಿಣ ಕರಗಲು 2 × 96,500 ಕೂಲಂಬ್ ಬೇಕು. ಆದ್ದರಿಂದ ಕರಗಿದ್ದು ಸುಮಾರು 9.1 ಮಿಲಿಗ್ರಾಂ. ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ 7.87 ಗ್ರಾಂ. ಭಾಗಿಸಿದರೆ ವರ್ಷಕ್ಕೆ 0.0116 ಮಿಲಿಮೀಟರ್ ದಪ್ಪ ಕಡಿಮೆಯಾಗುತ್ತದೆ.

0.8 ಮಿಲಿಮೀಟರ್ ದಪ್ಪದ ತಗಡು ಈ ದರದಲ್ಲಿ ತೂತಾಗಲು ಸುಮಾರು 70 ವರ್ಷ ಬೇಕು. ನೆಮ್ಮದಿಯ ಸಂಗತಿ! ಆದರೆ ಕ್ರಿಯೆ ತಗಡಿನ ಎಲ್ಲೆಡೆ ಸಮನಾಗಿ ನಡೆಯುವುದಿಲ್ಲ. ಕೆಸರಿನಡಿಯ ಚಿಕ್ಕ ಆನೋಡ್ ಸುತ್ತಲಿನ ದೊಡ್ಡ ಕ್ಯಾಥೋಡಿಗೆಲ್ಲ ಎಲೆಕ್ಟ್ರಾನು ಒದಗಿಸಬೇಕಾಗುತ್ತದೆ. ಅಲ್ಲಿ ವಿದ್ಯುತ್ ಸಾಂದ್ರತೆ 20 ಮೈಕ್ರೋ ಆಂಪೇರಿಗೆ ಏರಿದರೆ ಅದೇ ತಗಡು ಮೂರೂವರೆ ವರ್ಷಕ್ಕೆ ತೂತಾಗುತ್ತದೆ. ಸಾಲದ ಕಂತು ಮುಗಿಯುವ ಮೊದಲೇ! ಒಟ್ಟು ಎಷ್ಟು ಕಬ್ಬಿಣ ಕರಗಿತು ಎಂಬುದಕ್ಕಿಂತ ಎಲ್ಲಿ ಕರಗಿತು ಎಂಬುದೇ ಇಲ್ಲಿ ಮುಖ್ಯ.

ಕಾರ್ಖಾನೆ ಕೊಟ್ಟ ಕವಚ

ಹೊಸ ವಾಹನ ರಕ್ಷಣೆಯಿಲ್ಲದೆ ಬರುವುದಿಲ್ಲ. ಶುದ್ಧಗೊಳಿಸಿದ ತಗಡಿಗೆ ಫಾಸ್ಫೇಟ್ ಲೇಪ, ಅದರ ಮೇಲೆ ಇಡೀ ಒಡಲನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಕೂಡಿಸಿದ ಪದರ, ಬಳಿಕ ಮೇಲ್ಬಣ್ಣಗಳು. ಎಲ್ಲ ಸೇರಿ ಸುಮಾರು 100 ಮೈಕ್ರೋಮೀಟರ್, ತಲೆಗೂದಲಿನ ದಪ್ಪಕ್ಕೆ ಸಮೀಪ. ಹಲವು ವಾಹನಗಳಲ್ಲಿ ಕೆಲವು ಭಾಗದ ತಗಡಿಗೆ ಸತುವಿನ ಲೇಪವೂ ಇರುತ್ತದೆ. ಸತುವಿನ ವಿಭವ ಮೈನಸ್ 0.76 ವೋಲ್ಟ್ ಆದ್ದರಿಂದ ಗೀರು ಬಿದ್ದಲ್ಲಿ ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. 1824ರಲ್ಲಿ ಹಂಫ್ರಿ ಡೇವಿ ಹಡಗುಗಳ ತಾಮ್ರದ ಹೊದಿಕೆಗೆ ಸತು ಮತ್ತು ಕಬ್ಬಿಣದ ತುಂಡುಗಳನ್ನು ಜೋಡಿಸಿ ರಕ್ಷಿಸಿದ್ದು ಇದೇ ತತ್ತ್ವದಿಂದ.

ಈ ಕವಚಕ್ಕೆ ಮೊದಲ ಪೆಟ್ಟು ಬೀಳುವುದು ಅನೇಕ ಸಲ ವಾಹನ ಮನೆಗೆ ಬಂದ ಮೊದಲ ವಾರದಲ್ಲೇ. ಕಂಬಿ, ಹೆಚ್ಚುವರಿ ತಗಡು, ಟಾರ್ಪಾಲಿನ ಕೊಕ್ಕೆ ಕೂರಿಸಲು ಗ್ಯಾರೇಜಿನಲ್ಲಿ ತೂತು ಕೊರೆಯುತ್ತಾರೆ, ವೆಲ್ಡಿಂಗ್ ಮಾಡುತ್ತಾರೆ. ಕೊರೆದ ತೂತಿನ ಅಂಚು ಬೆತ್ತಲೆ ಕಬ್ಬಿಣ. ವೆಲ್ಡಿಂಗಿನ ಶಾಖಕ್ಕೆ ಎದುರು ಬದಿಯ ಬಣ್ಣವೂ ಸತುವೂ ಸುಟ್ಟುಹೋಗುತ್ತವೆ. ಮೇಲೆ ಬಣ್ಣ ಬಳಿದು ಕೊಡುತ್ತಾರೆ. ಒಳಬದಿ ಹಾಗೆಯೇ ಉಳಿಯುತ್ತದೆ. ಕ್ಯಾಥೋಡಿನಲ್ಲಿ ಹುಟ್ಟುವ ಕ್ಷಾರ ಬಣ್ಣದ ಅಂಟನ್ನು ಸಡಿಲಿಸುವುದರಿಂದ ತುಕ್ಕು ಬಣ್ಣದ ಅಡಿಯಲ್ಲೇ ಹರಡುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುವುದರಿಂದ ಬಣ್ಣ ಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕೆಲಸ ಬಹಳಷ್ಟು ಮುಗಿದಿರುತ್ತದೆ.

ಮಾಲೀಕರು ಮಾಡಬೇಕಾದುದು

ಮೇಲಿನ ತತ್ತ್ವಗಳಿಂದ ಕೆಲವು ಸರಳ ನಿಯಮಗಳು ತಾವಾಗಿಯೇ ಹೊರಡುತ್ತವೆ.

1. ಮೀನು ಸಾಗಿಸಿದ ದಿನವೇ ಸಿಹಿನೀರಿನಿಂದ ತೊಳೆಯಿರಿ. ಹೊಳೆಯುವ ಹೊರಮೈಗಿಂತ ಚಾಸಿಯ ತಳ, ಮಡ್‌ಗಾರ್ಡಿನ ಒಳಭಾಗ ಮುಖ್ಯ. ಅಳಿವೆಯ ಸಮೀಪದ ಬಾವಿಯ ನೀರು ಉಪ್ಪಾಗಿರಬಹುದು. ಶಾಲಾ ಪ್ರಯೋಗಾಲಯದಲ್ಲಿ ಆ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ, ಬಟ್ಟಿ ಇಳಿಸಿದ ನೀರಿನೊಂದಿಗೆ ಹೋಲಿಸಿ. ದಟ್ಟ ಬಿಳಿ ಒತ್ತರ ಬಂದರೆ ಕ್ಲೋರೈಡ್ ಹೆಚ್ಚಿದೆ ಎಂದರ್ಥ.

2. ಬಾಗಿಲಿನ ತಳದಲ್ಲಿಯೂ ಬಾಡಿಯಲ್ಲಿಯೂ ನೀರು ಹೊರಹೋಗಲು ಬಿಟ್ಟ ಸಣ್ಣ ತೂತುಗಳನ್ನು ಕಡ್ಡಿಯಿಂದ ಬಿಡಿಸುತ್ತಿರಿ. ವಾರಕ್ಕೊಮ್ಮೆ ಹಾಸನ್ನು ಎತ್ತಿ ತೊಳೆದು ಒಣಗಿಸಿ. ತೊಳೆದ ವಾಹನವನ್ನು ಗಾಳಿಯಾಡುವ ಕಡೆ, ತುಸು ಇಳಿಜಾರಿನಲ್ಲಿ ನಿಲ್ಲಿಸಿ.

3. ತೂತು ಕೊರೆಸಿದರೆ, ವೆಲ್ಡಿಂಗ್ ಮಾಡಿಸಿದರೆ ಎರಡೂ ಬದಿಗೆ ಸತುವಿನ ಅಂಶವಿರುವ ಪ್ರೈಮರ್ ಹಚ್ಚಿಸಿದ ಮೇಲೆಯೇ ಬಣ್ಣ ಬಳಿಸಿ. ಅಲ್ಯೂಮಿನಿಯಂ ತಗಡು ಹಾಕಿಸುವುದಾದರೆ ಅದು ಕಬ್ಬಿಣವನ್ನು ನೇರ ಮುಟ್ಟದಂತೆ ನಡುವೆ ರಬ್ಬರ್ ಅಥವಾ ಸೀಲಂಟ್ ಇರಲಿ. ಉಪ್ಪುನೀರಿನಲ್ಲಿ ಎರಡು ಲೋಹಗಳು ಸೇರಿದರೆ ಇನ್ನೊಂದು ಕೋಶ ಹುಟ್ಟುತ್ತದೆ.

4. ಬಳಸಿ ಬಿಟ್ಟ ಎಂಜಿನ್ ಆಯಿಲನ್ನು ತಳಕ್ಕೆ ಸಿಂಪಡಿಸಬೇಡಿ. ಅದರಲ್ಲಿ ಆಮ್ಲದ ಅಂಶಗಳಿರುತ್ತವೆ, ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಬ್ರೇಕಿಗೆ ತಾಗಿದರೆ ಅಪಾಯ, ತೊಟ್ಟಿಕ್ಕಿದ್ದು ಬಾವಿಗಿಳಿಯುತ್ತದೆ. ತಳಕ್ಕೆಂದೇ ತಯಾರಿಸಿದ ಮೇಣದಂಥ ಲೇಪವನ್ನು, ತೊಳೆದು ಪೂರ್ತಿ ಒಣಗಿದ ಮೇಲೆ ಮಾತ್ರ, ಹಚ್ಚಿಸಿ. ಒದ್ದೆ ಉಪ್ಪಿನ ಮೇಲೆ ಬಳಿದ ಲೇಪ ಉಪ್ಪನ್ನೇ ಕಾಪಾಡುತ್ತದೆ.

5. ಪ್ರತಿ ಸರ್ವಿಸಿನಲ್ಲಿ ಚಾಸಿಯುದ್ದಕ್ಕೂ ಸಾಗುವ ಬ್ರೇಕಿನ ಉಕ್ಕಿನ ಕೊಳವೆಗಳನ್ನು, ವಿಶೇಷವಾಗಿ ಅವನ್ನು ಹಿಡಿದಿರುವ ಕ್ಲಿಪ್ಪುಗಳ ಅಡಿಯನ್ನು, ಪರೀಕ್ಷಿಸಿ.

ಕೊನೆಯ ನಿಯಮ ಹಣದ ವಿಷಯವಲ್ಲ. ಕ್ಲಿಪ್ಪಿನ ಅಡಿಯೂ ಹನಿಯ ನಡುಭಾಗದಂಥ ಜಾಗವೇ. ಅಲ್ಲಿ ತೆಳುವಾದ ಕೊಳವೆ ಒಡೆಯುವುದು ಅದರೊಳಗಿನ ಒತ್ತಡ ಅತ್ಯಧಿಕವಾದಾಗ, ಅಂದರೆ ಘಟ್ಟದ ತಿರುವಿನಲ್ಲಿ ಚಾಲಕ ಬ್ರೇಕನ್ನು ಬಲವಾಗಿ ತುಳಿದಾಗ.

ಕರ್ನಾಟಕ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿದೆ. ಮಳೆ ಅತಿ ಹೆಚ್ಚಿರುವ ಈ ಎರಡು ತಿಂಗಳಲ್ಲೇ ಹಲವು ವಾಹನಗಳು ಕೆಲಸವಿಲ್ಲದೆ ನಿಂತಿರುತ್ತವೆ. ಮೇ ತಿಂಗಳ ಕೊನೆಯ ಬಾಡಿಗೆಯ ಉಪ್ಪನ್ನು ಹಾಗೆಯೇ ಹೊತ್ತು ನಿಂತರೆ ತುಕ್ಕಿಗೆ ಅಷ್ಟು ದಿನ ಬಿಡುವಿಲ್ಲದ ದುಡಿಮೆ. ಬಿಸಿಲು ಇರುವಾಗಲೇ ಒಂದು ದಿನ ತೊಳೆದು, ಒಣಗಿಸಿ, ಗೀರುಗಳಿಗೆ ಬಣ್ಣ ಹಚ್ಚಿ ನಿಲ್ಲಿಸಿದರೆ ಸಾಕು. ಕರಾವಳಿಯ ಶಾಲೆಗಳಲ್ಲಿ ಇವಾನ್ಸರ ಹನಿಯನ್ನು ಮಕ್ಕಳಿಗೆ ತೋರಿಸುವ ಅಧ್ಯಾಪಕರು ಈ ಲೆಕ್ಕವನ್ನೂ ಮಾಡಿಸಲಿ. ಆ ತರಗತಿಯಲ್ಲಿ ಪಿಕ್‌ಅಪ್ ಓಡಿಸುವವರ ಮಕ್ಕಳೂ ಕುಳಿತಿರಬಹುದು.