ತಿದ್ದಿ ಕೊಡುವುದಿಲ್ಲ, ತಿದ್ದಿಕೊಳ್ಳಲು ಕಲಿಸುತ್ತಾರೆ

ಲ್ಯಾಬ್ ಎಂದೊಡನೆ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವುದು ಬ್ಯೂರೆಟ್, ಪಿಪೆಟ್, ಸ್ಪಿರಿಟ್ ದೀಪ. ಆದರೆ ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಇವಾವುವೂ ಬೇಕಿಲ್ಲದ ಒಂದು ಲ್ಯಾಬ್ ಇದೆ. ಅಲ್ಲಿನ ಸಲಕರಣೆಗಳೆಂದರೆ ಮೇಜು, ಕುರ್ಚಿ, ಬರೆದು ತಂದ ಹಾಳೆಗಳು ಮತ್ತು ಅಕ್ಕಪಕ್ಕ ಕುಳಿತು ಮಾತನಾಡುವ ಇಬ್ಬರು. ಅದರ ಹೆಸರು ರೈಟಿಂಗ್ ಲ್ಯಾಬ್, ಅಂದರೆ ಬರವಣಿಗೆಯ ಪ್ರಯೋಗಶಾಲೆ. 1976ರಲ್ಲಿ ಇದನ್ನು ಆರಂಭಿಸಿದವರು ಮ್ಯೂರಿಯಲ್ ಹ್ಯಾರಿಸ್ ಎಂಬ ಪ್ರಾಧ್ಯಾಪಕಿ.

ಇಂಥ ಕೇಂದ್ರಗಳು ಅಮೆರಿಕಕ್ಕೆ ಆಗಲೂ ಹೊಸವಾಗಿರಲಿಲ್ಲ. ಅಯೋವಾ ವಿಶ್ವವಿದ್ಯಾಲಯದಲ್ಲಿ 1934ರಲ್ಲಿಯೇ ಒಂದು ಶುರುವಾಗಿತ್ತು. ಇಂದು ಅಲ್ಲಿನ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ರೈಟಿಂಗ್ ಸೆಂಟರ್ ಇದೆ. ಉನ್ನತ ವ್ಯಾಸಂಗಕ್ಕೆಂದು ಕರ್ನಾಟಕದಿಂದ ಹೋಗುವ ಮಕ್ಕಳು ಶುಲ್ಕ, ವೀಸಾ, ವಸತಿ, ಊಟ ಎಲ್ಲವನ್ನೂ ವಿಚಾರಿಸಿಕೊಂಡೇ ವಿಮಾನ ಹತ್ತುತ್ತಾರೆ. ಈ ಕೇಂದ್ರದ ಬಗೆಗೂ ಒಂದಿಷ್ಟು ತಿಳಿದುಕೊಂಡು ಹೋಗುವುದು ಒಳ್ಳೆಯದು.

ಕೆಂಪು ಶಾಯಿ ಇಲ್ಲ

ಕೇಂದ್ರಕ್ಕೆ ಹೋಗುವ ಮುನ್ನ ಸಮಯ ಗೊತ್ತುಮಾಡಿಕೊಳ್ಳಬೇಕು. ಭೇಟಿ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ. ಆಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಇದಕ್ಕೆಂದು ಬೇರೆ ಹಣ ಕೇಳುವುದು ಅಪರೂಪ. ಪಕ್ಕದಲ್ಲಿ ಕೂರುವವರು ಅಂಕ ಹಾಕುವ ಮೇಷ್ಟರಲ್ಲ, ತರಬೇತಿ ಪಡೆದ ಟ್ಯೂಟರ್. ಹಲವೆಡೆ ಅವರೂ ವಿದ್ಯಾರ್ಥಿಗಳೇ. ಹಾಗಾಗಿ ಹೆದರಿಕೆ ಕಡಿಮೆ.

ಮೊದಲ ಸಲ ಹೋಗುವವರ ನಿರೀಕ್ಷೆ ಸಾಮಾನ್ಯವಾಗಿ ಒಂದೇ: ವ್ಯಾಕರಣ ತಿದ್ದಿ, ಕಾಗುಣಿತ ಸರಿಪಡಿಸಿ ಕೈಗೆ ಕೊಟ್ಟುಬಿಡಲಿ. ಅದೊಂದನ್ನು ಮಾತ್ರ ಅವರು ಮಾಡುವುದಿಲ್ಲ. 'ನಿಮಗೆ ಕೊಟ್ಟಿರುವ ಪ್ರಶ್ನೆ ಏನು?', 'ಇದನ್ನು ಯಾರು ಓದುತ್ತಾರೆ?', 'ನೀವು ಹೇಳಬೇಕೆಂದಿರುವುದು ಯಾವುದು?' ಎಂದು ಕೇಳುತ್ತಾರೆ. ಬರೆದದ್ದನ್ನು ಗಟ್ಟಿಯಾಗಿ ಓದಿಸುತ್ತಾರೆ. ಕಣ್ಣು ತಪ್ಪಿಸಿಕೊಂಡ ದೋಷವನ್ನು ಎಷ್ಟೋ ಸಲ ಕಿವಿ ಹಿಡಿದುಕೊಡುತ್ತದೆ. ಮೊದಲು ವಿಚಾರ, ಆಮೇಲೆ ಅದರ ಜೋಡಣೆ, ವಾಕ್ಯಗಳ ಸರದಿ ಕೊನೆಗೆ.

ಸ್ಟೀಫನ್ ನಾರ್ತ್ ಎಂಬ ಅಮೆರಿಕನ್ ಅಧ್ಯಾಪಕರು 1984ರ ಒಂದು ಲೇಖನದಲ್ಲಿ ಈ ಧೋರಣೆಯನ್ನು ಸ್ಪಷ್ಟಪಡಿಸಿದರು. ಕೇಂದ್ರದ ಕೆಲಸ ಕೈಲಿರುವ ಪ್ರಬಂಧವನ್ನು ಉತ್ತಮಗೊಳಿಸುವುದಲ್ಲ, ಅದನ್ನು ಬರೆದವರನ್ನು ಉತ್ತಮ ಬರಹಗಾರರನ್ನಾಗಿ ಮಾಡುವುದು ಎಂಬುದು ಅವರ ವಾದ. ಇಂದಿಗೂ ಬಹಳಷ್ಟು ಕೇಂದ್ರಗಳು ನಡೆಯುವುದು ಈ ದಾರಿಯಲ್ಲೇ.

ಒಂದು ಉದಾಹರಣೆ ನೋಡೋಣ. ಪಾವಗಡದ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ನೀರಿನಲ್ಲಿರುವ ಫ್ಲೋರೈಡ್ ಬಗ್ಗೆ ವರದಿ ಬರೆದಿದ್ದಾಳೆ ಎಂದಿಟ್ಟುಕೊಳ್ಳಿ. ಮೊದಲ ಪುಟದ ತುಂಬ ನೀರಿನ ಮಹತ್ವ. ಎರಡನೆಯದರಲ್ಲಿ ಫ್ಲೋರಿನ್ ಕಂಡುಹಿಡಿದ ಚರಿತ್ರೆ. ತಾನೇ ಅಳೆದ ಅಂಕಿಗಳು ಬರುವುದು ಐದನೆಯ ಪುಟಕ್ಕೆ. 'ನಿನಗೆ ಕಂಡದ್ದೇನು, ಎರಡು ಮಾತಿನಲ್ಲಿ ಹೇಳು' ಎನ್ನುತ್ತಾರೆ ಟ್ಯೂಟರ್. 'ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ನಾನು ಪರೀಕ್ಷಿಸಿದ ಕೊಳವೆಬಾವಿಗಳಲ್ಲಿ ಅದು ಮೀರಿತ್ತು, ತೆರೆದ ಬಾವಿಗಳಲ್ಲಿ ಮೀರಿರಲಿಲ್ಲ' ಎನ್ನುತ್ತಾಳೆ ಅವಳು. 'ಹಾಗಾದರೆ ಇದನ್ನೇ ಏಕೆ ಮೊದಲು ಬರೆಯಬಾರದು?' ಅಲ್ಲಿಗೆ ವರದಿಯ ಅರ್ಧ ಕಾಯಿಲೆ ವಾಸಿಯಾಯಿತು. ಟ್ಯೂಟರ್ ಒಂದು ಅಕ್ಷರವನ್ನೂ ತಿದ್ದಲಿಲ್ಲ.

ತಪ್ಪಿಗೂ ಒಂದು ತರ್ಕ

ಈ ಕೇಂದ್ರಗಳು ಹೆಚ್ಚಾಗಿ ಬೆಳೆದದ್ದು 1970ರ ದಶಕದಲ್ಲಿ. 1970ರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು ಆ ನಗರದಲ್ಲಿ ಹೈಸ್ಕೂಲ್ ಮುಗಿಸಿದ ಎಲ್ಲರಿಗೂ ಬಾಗಿಲು ತೆರೆಯಿತು. ಬಡವರ, ಕಪ್ಪು ಜನರ, ವಲಸಿಗರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದರು. ಕಾಲೇಜಿಗೆ ತಕ್ಕ ಇಂಗ್ಲಿಷ್ ಬರೆಯಲು ಅವರಲ್ಲಿ ಅನೇಕರಿಗೆ ಬರುತ್ತಿರಲಿಲ್ಲ. ಇವರು ಕಾಲೇಜಿಗೆ ಲಾಯಕ್ಕಲ್ಲ ಎಂದು ಮೂಗು ಮುರಿದವರೂ ಇದ್ದರು.

ಅಲ್ಲಿನ ಸಿಟಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮೈನಾ ಶಾನೆಸಿ ಹಾಗೆ ಮಾಡಲಿಲ್ಲ. ವಿದ್ಯಾರ್ಥಿಗಳು ಬರೆದ ಸುಮಾರು 4,000 ಪ್ರಬಂಧಗಳನ್ನು ಅಭ್ಯಾಸ ಮಾಡಿ 1977ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಮಕ್ಕಳು ತಪ್ಪು ಮಾಡುವುದು ದಡ್ಡತನದಿಂದಲ್ಲ, ಪ್ರತಿ ತಪ್ಪಿನ ಹಿಂದೆಯೂ ಒಂದು ತರ್ಕವಿದೆ ಎಂದು ತೋರಿಸಿಕೊಟ್ಟರು. ಕನ್ನಡ ಮಾಧ್ಯಮದ ಹುಡುಗ ಇಂಗ್ಲಿಷಿನಲ್ಲಿ ಕ್ರಿಯಾಪದವನ್ನು ವಾಕ್ಯದ ಕೊನೆಗೆ ತಳ್ಳಿದರೆ, ಅವನು ಕನ್ನಡದ ನಿಯಮವನ್ನು ಸರಿಯಾಗಿಯೇ ಪಾಲಿಸಿದ್ದಾನೆ. ಅದನ್ನು ವಿವರಿಸಿದರೆ ಕಲಿಯುತ್ತಾನೆ. ಬರೀ ಕೆಂಪು ಗೆರೆ ಎಳೆದರೆ ಬರೆಯುವುದನ್ನೇ ಬಿಡುತ್ತಾನೆ.

ನಕಲಿನ ಅಭ್ಯಾಸ, ಮುಂದಿನ ಆಪತ್ತು

ನಮ್ಮಲ್ಲಿ ಗೈಡಿನ ಉತ್ತರವನ್ನು ಇದ್ದಂತೆಯೇ ಬರೆದವರಿಗೆ ಪೂರ್ಣ ಅಂಕ ಸಿಗುವುದುಂಟು. ಗೆಳೆಯನ ರೆಕಾರ್ಡ್ ಪುಸ್ತಕ ನೋಡಿ ತನ್ನದನ್ನು ತುಂಬುವುದಂತೂ ಮಾಮೂಲು. ಆದರೆ ಇನ್ನೊಬ್ಬರ ವಾಕ್ಯವನ್ನು ಹೆಸರು ಹೇಳದೆ ಬಳಸುವುದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಗಂಭೀರ ಅಪರಾಧ. ಶಿಕ್ಷೆ ಅಮಾನತಿನವರೆಗೆ ಹೋದರೆ ವಿದ್ಯಾರ್ಥಿ ವೀಸಾಕ್ಕೂ ಸಂಚಕಾರ.

ಭಾರತದಲ್ಲಿಯೂ ನಿಯಮ ಬಿಗಿಯಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಂತೆ ಪ್ರೌಢಪ್ರಬಂಧದಲ್ಲಿ ಹೋಲಿಕೆ ಶೇ 10ಕ್ಕಿಂತ ಹೆಚ್ಚಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 40 ಮೀರಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ 60 ಮೀರಿದರೆ ನೋಂದಣಿಯೇ ರದ್ದು. ವರ್ಷಗಳ ಶ್ರಮ ಹೀಗೆ ಮಣ್ಣುಪಾಲಾಗದಿರಲು, ಆಧಾರಗಳನ್ನು ಹೇಗೆ ಬಳಸಬೇಕು, ಎಲ್ಲಿ ಹೆಸರಿಸಬೇಕು ಎಂಬುದನ್ನು ಮೊದಲೇ ಕಲಿಯಬೇಕು. ಬರವಣಿಗೆ ಕೇಂದ್ರಗಳು ಕಲಿಸುವ ಮುಖ್ಯ ಪಾಠಗಳಲ್ಲಿ ಇದೂ ಒಂದು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕ್ಷಣಾರ್ಧದಲ್ಲಿ ಪ್ರಬಂಧ ಬರೆದುಕೊಡುವ ಯಂತ್ರವೂ ಕೈಗೆ ಸಿಕ್ಕಿದೆ. ಅದು ವಾಕ್ಯವನ್ನು ನಯಗೊಳಿಸಬಲ್ಲದು. ಆದರೆ ಕೊಳವೆಬಾವಿಯ ನೀರನ್ನು ಅಳೆದವಳಿಗೆ ಏನು ಕಂಡಿತು ಎಂಬುದು ಅವಳೇ ಹೇಳುವವರೆಗೆ ಅದಕ್ಕೆ ತಿಳಿಯದು.

ಇಲ್ಲೇನು ಮಾಡಬಹುದು?

ನಮ್ಮ ದೇಶದಲ್ಲಿಯೂ ಹರಿಯಾಣದ ಸೋನಿಪತ್‌ನಲ್ಲಿರುವ ಅಶೋಕ ವಿಶ್ವವಿದ್ಯಾಲಯದಂಥ ಕೆಲವೆಡೆ ಬರವಣಿಗೆ ಕೇಂದ್ರಗಳಿವೆ. ಅಂಥ ಸೌಲಭ್ಯವಿಲ್ಲದವರು ಕೈಕಟ್ಟಿ ಕೂರಬೇಕಿಲ್ಲ. ಪರ್ಡ್ಯೂ ವಿಶ್ವವಿದ್ಯಾಲಯವು 1994ರಲ್ಲಿ ಆನ್‌ಲೈನ್ ರೈಟಿಂಗ್ ಲ್ಯಾಬ್ ಆರಂಭಿಸಿತು. ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ 'ಔಲ್', ಅಂದರೆ ಗೂಬೆ! ನಮಗೆ ಅಪಶಕುನವಾದ ಈ ಹಕ್ಕಿ ಪಾಶ್ಚಾತ್ಯರಿಗೆ ಜ್ಞಾನದ ಸಂಕೇತ. ಪ್ರಬಂಧದ ರಚನೆ, ವ್ಯಾಕರಣ, ಆಧಾರಗಳನ್ನು ನಮೂದಿಸುವ ಕ್ರಮ ಎಲ್ಲವೂ ಅಲ್ಲಿ ಯಾರಿಗೆ ಬೇಕಾದರೂ ಉಚಿತ.

ಇನ್ನು ಕೆಲವು ಉಪಾಯಗಳಿಗೆ ಕಂಪ್ಯೂಟರೂ ಬೇಡ. ಪುಸ್ತಕ ಓದಿ, ಮುಚ್ಚಿಟ್ಟು, ತಿಳಿದದ್ದನ್ನು ಸ್ವಂತ ಮಾತಿನಲ್ಲಿ ಬರೆಯಿರಿ. ಯಾರ ವಿಚಾರವೆಂಬುದನ್ನು ಅಲ್ಲೇ ನಮೂದಿಸಿ. ಇಂಗ್ಲಿಷಿನಲ್ಲಿ ತೊಡರಿದರೆ ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ಕೊನೆಯ ರಾತ್ರಿಗೆ ಬಿಡದೆ ವಾರ ಮೊದಲೇ ಒಂದು ಕರಡು ಸಿದ್ಧಮಾಡಿ. ಇಬ್ಬರು ಗೆಳೆಯರು ಕರಡು ಬದಲಾಯಿಸಿಕೊಂಡು ಓದಿ, ತಿದ್ದದೆ ಪ್ರಶ್ನೆ ಮಾತ್ರ ಕೇಳಿ.

ಮಗನ ಅಥವಾ ಮಗಳ ಪ್ರಾಜೆಕ್ಟನ್ನು ಹಣ ಕೊಟ್ಟು ಬೇರೆಯವರಿಂದ ಸರಿಮಾಡಿಸುವ ತಂದೆತಾಯಿಯರಿಗೆ ಒಂದು ಮಾತು. ವಿಷಯ ನಿಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಊಟವಾದ ಮೇಲೆ ಮೊದಲ ಪುಟವನ್ನು ಗಟ್ಟಿಯಾಗಿ ಓದಿಸಿ. 'ನೀನು ಕಂಡುಕೊಂಡದ್ದೇನು?' ಎಂದು ಕೇಳಿ. ಉತ್ತರ ತಡವರಿಸಿದರೆ ಕಾದು ಕುಳಿತುಕೊಳ್ಳಿ.